ಲಾಭದಲ್ಲಿ ನಗದೆಷ್ಟು, ಅಂದಾಜೆಷ್ಟು: ವರದಿಯ ಗುಣಮಟ್ಟವನ್ನು ಸಾಲದ ಜೊತೆ ಅಳೆದ ಬಗೆ

ಲೆಕ್ಕಪತ್ರ ಚೆನ್ನಾಗಿಟ್ಟ ಕಂಪನಿಗೆ ಸಾಲ ಅಗ್ಗವಾಗಿ ಸಿಗುತ್ತದೆಯೇ? ಇದನ್ನು ಅಳೆಯಲು ಹೊರಟರೆ ‘ಚೆನ್ನಾಗಿ’ ಎಂಬುದಕ್ಕೆ ಒಂದು ಸಂಖ್ಯೆ ಬೇಕು, ‘ಅಗ್ಗ’ ಎಂಬುದಕ್ಕೆ ಇನ್ನೊಂದು. ಎರಡನ್ನೂ ಪ್ರಕಟಿತ ವಾರ್ಷಿಕ ವರದಿಗಳಿಂದಲೇ ಕಟ್ಟಿಕೊಂಡ ಕ್ರಮ ಇಲ್ಲಿದೆ. ರಿಗ್ರೆಶನ್ (ಒಂದು ಸಂಖ್ಯೆಯನ್ನು ಉಳಿದವು ಎಷ್ಟು ವಿವರಿಸುತ್ತವೆ ಎಂದು ಅಂದಾಜಿಸುವ ಲೆಕ್ಕ) ಓಡಿಸುವುದು ಅರ್ಧ ದಿನದ ಕೆಲಸ. ಅದರೊಳಗೆ ಹೋಗುವ ಸಂಖ್ಯೆಗಳನ್ನು ಹದ ಮಾಡುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ತಪ್ಪುಗಳು ಹುಟ್ಟುವುದೂ ಅಲ್ಲೇ.

ನಿವ್ವಳ ಲಾಭದಿಂದ ಕಾರ್ಯಾಚರಣೆಯ ನಗದು ಹರಿವನ್ನು ಕಳೆದರೆ ಉಳಿಯುವುದು ಅಕ್ರೂಯಲ್. ಮಾಲು ಮಾರಿದೆ, ಹಣ ಬಂದಿಲ್ಲ. ಯಂತ್ರ ಸವೆದಿದೆ, ಹಣ ಹೋಗಿಲ್ಲ. ಇಂಥವೆಲ್ಲ ಅದರೊಳಗೆ ಸೇರುತ್ತವೆ. ಇದರಲ್ಲಿ ವ್ಯವಹಾರಕ್ಕೆ ಸಹಜವಾದದ್ದು ಎಷ್ಟು, ಮ್ಯಾನೇಜರ್ ತನ್ನ ಅಂದಾಜಿನಿಂದ ಎಳೆದು ಸೇರಿಸಿದ್ದು ಎಷ್ಟು ಎಂದು ಬೇರ್ಪಡಿಸುವ ಹಳೆಯ ಸಾಧನ ಲೆಕ್ಕಶಾಸ್ತ್ರ ಸಂಶೋಧಕಿ ಜೆನಿಫರ್ ಜೋನ್ಸ್ ಅವರ 1991ರ ಮಾದರಿ. ಅಕ್ರೂಯಲನ್ನು ವರ್ಷಾರಂಭದ ಒಟ್ಟು ಆಸ್ತಿಯಿಂದ ಭಾಗಿಸಬೇಕು. ಮಾರಾಟದ ಏರಿಳಿತ ಮತ್ತು ಸವಕಳಿ ಕಳೆಯುವ ಮುನ್ನಿನ ಸ್ಥಿರಾಸ್ತಿಯನ್ನೂ ಅದೇ ಆಸ್ತಿಯಿಂದ ಭಾಗಿಸಿ, ಒಂದನ್ನು ಅದೇ ಆಸ್ತಿಯಿಂದ ಭಾಗಿಸಿದ ಪದವನ್ನೂ ಜೊತೆಗಿಟ್ಟು, ಈ ಮೂರರ ಮೇಲೆ ರಿಗ್ರೆಶನ್ ಹಾಕಬೇಕು. ಈ ಮೂರೂ ವಿವರಿಸದೆ ಬಿಟ್ಟ ಉಳಿಕೆಯೇ ‘ಸಹಜವಲ್ಲದ’ ಭಾಗ. 1995ರ ತಿದ್ದುಪಡಿಯಲ್ಲಿ ಮಾರಾಟದ ಏರಿಕೆಯಿಂದ ಗಿರಾಕಿ ಬಾಕಿಯ ಏರಿಕೆಯನ್ನು ಕಳೆಯುತ್ತಾರೆ, ಏಕೆಂದರೆ ಮಾರಾಟವನ್ನು ಉಬ್ಬಿಸುವುದು ಸಾಮಾನ್ಯವಾಗಿ ಸಾಲದ ಮಾರಾಟದ ಮೂಲಕವೇ.

ಮೊದಲು ಅಧ್ಯಯನಕ್ಕೆ ಯಾರನ್ನು ಸೇರಿಸಬೇಕು ಎನ್ನುವುದು. ಬ್ಯಾಂಕು, ವಿಮೆ ಕಂಪನಿಗಳನ್ನು ಹೊರಗಿಟ್ಟೆ. ಅವರಿಗೆ ಹಣದ ವಹಿವಾಟೇ ಕಸುಬು, ಹಾಗಾಗಿ ಅವರ ಕಾರ್ಯಾಚರಣೆಯ ನಗದಿಗೆ ಬೇರೆಯೇ ಅರ್ಥ. ಉಳಿದವರನ್ನು ಉದ್ಯಮ ಮತ್ತು ವರ್ಷದ ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿಗೂ ಪ್ರತ್ಯೇಕ ರಿಗ್ರೆಶನ್. ಗುಂಪಿನಲ್ಲಿ ಕನಿಷ್ಠ 15 ಕಂಪನಿಗಳಿರಲಿ, 20 ಇದ್ದರೆ ಇನ್ನೂ ಒಳ್ಳೆಯದು. ಕಡಿಮೆ ಬಿದ್ದಾಗ ಉದ್ಯಮದ ವರ್ಗವನ್ನು ಹಿಗ್ಗಿಸುವ ಆಸೆ ಬರುತ್ತದೆ. ಸಿಮೆಂಟನ್ನೂ ಸಾಬೂನನ್ನೂ ಒಂದೇ ಬುಟ್ಟಿಗೆ ಹಾಕಿದರೆ ಉಳಿಕೆ ದೊಡ್ಡದಾಗುತ್ತದೆ, ಅದನ್ನು ನೋಡಿ ಕಂಪನಿಯ ಮೇಲೆ ಗೂಬೆ ಕೂರಿಸುತ್ತೇವೆ.

ಅಕ್ರೂಯಲನ್ನು ನಗದು ಹರಿವಿನ ಪಟ್ಟಿಯಿಂದಲೇ ತೆಗೆಯಬೇಕು, ಎರಡು ವರ್ಷದ ಬ್ಯಾಲೆನ್ಸ್ ಶೀಟುಗಳ ವ್ಯತ್ಯಾಸದಿಂದಲ್ಲ. ಹ್ರಿಬಾರ್ ಮತ್ತು ಕಾಲಿನ್ಸ್ 2002ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದ್ದರೂ ಹಳೆಯ ಅಭ್ಯಾಸ ಹೋಗಿಲ್ಲ. ಆರಂಭದ ಆಸ್ತಿ 1000, ಗಿರಾಕಿ ಬಾಕಿ 200 ಇರುವ ಕಂಪನಿಯನ್ನು ತೆಗೆದುಕೊಳ್ಳಿ. ವರ್ಷದ ನಡುವೆ ಅದು ಇನ್ನೊಂದು ಕಂಪನಿಯನ್ನು ಕೊಂಡಿತು. ಕೊಂಡ ಕಂಪನಿಯ ಜೊತೆ 90 ಬಾಕಿಯೂ ಬಂತು. ವರ್ಷಾಂತ್ಯಕ್ಕೆ ಒಟ್ಟು ಬಾಕಿ 310. ಬ್ಯಾಲೆನ್ಸ್ ಶೀಟ್ ವ್ಯತ್ಯಾಸ 110, ಅಂದರೆ ಆಸ್ತಿಯ ಶೇ. 11. ನಿಜವಾಗಿ ವ್ಯಾಪಾರದಿಂದ ಏರಿದ್ದು 20, ಶೇ. 2. ನಗದು ಹರಿವಿನ ಪಟ್ಟಿಯಲ್ಲಿ ಕಾಣುವುದು ಈ 20 ಮಾತ್ರ. ವಿದೇಶಿ ಶಾಖೆಯ ಲೆಕ್ಕವನ್ನು ಬೇರೆ ವಿನಿಮಯ ದರದಲ್ಲಿ ಪರಿವರ್ತಿಸಿದಾಗಲೂ ಇದೇ ಗೋಳು. ಕೊಂಡು ಬೆಳೆಯುವ ಕಂಪನಿಗಳು ಸಾಲವನ್ನೂ ಹೆಚ್ಚು ಎತ್ತುತ್ತವೆ. ಆದ್ದರಿಂದ ಈ ತಪ್ಪು ಸುಮ್ಮನೆ ಗದ್ದಲವಾಗಿ ಉಳಿಯದೆ, ‘ಕೆಟ್ಟ ಲೆಕ್ಕಕ್ಕೂ ಸಾಲಕ್ಕೂ ನಂಟಿದೆ’ ಎಂಬ ಸುಳ್ಳು ಫಲಿತಾಂಶವಾಗಿ ಹೊರಬರುತ್ತದೆ.

ಮಾನದಂಡ ಬದಲಾದ ವರ್ಷಗಳ ಮೇಲೂ ಕಣ್ಣಿರಬೇಕು. 2019ರ ಜನವರಿ 1ರಿಂದ ಜಾರಿಗೆ ಬಂದ, ಗುತ್ತಿಗೆ ಕುರಿತ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಫ್‌ಆರ್‌ಎಸ್ 16ರಲ್ಲಿ ಗುತ್ತಿಗೆ ಬಾಡಿಗೆಯ ಅಸಲಿನ ಭಾಗ ಕಾರ್ಯಾಚರಣೆಯಿಂದ ಹಣಕಾಸು ಚಟುವಟಿಕೆಗೆ ಜಾರಿತು. ವ್ಯವಹಾರದಲ್ಲಿ ಏನೂ ಬದಲಾಗದೆ ಕಾರ್ಯಾಚರಣೆಯ ನಗದು ಏರಿತು, ಲಾಭ ಹೆಚ್ಚೇನೂ ಅಲುಗಲಿಲ್ಲ, ಅಕ್ರೂಯಲ್ ಕೆಳಗಿಳಿಯಿತು. ವರ್ಷವಾರು ರಿಗ್ರೆಶನ್ ಇದರಲ್ಲಿ ಸ್ವಲ್ಪ ಭಾಗವನ್ನು ನುಂಗಿಕೊಳ್ಳುತ್ತದೆ. ಆದರೆ ಸ್ವಂತ ಕಟ್ಟಡವಿರುವ ಅಂಗಡಿ ಸರಪಳಿ ಮತ್ತು ಬಾಡಿಗೆಯದ್ದು ಒಂದೇ ಉದ್ಯಮದಲ್ಲಿದ್ದರೆ ನುಂಗಲಾರದು. ಅಸಲಿನ ಪಾವತಿಯನ್ನು ನಗದು ಹರಿವಿನ ಪಟ್ಟಿಯಿಂದ ಹೆಕ್ಕಿ ಮತ್ತೆ ಕಾರ್ಯಾಚರಣೆಯಿಂದ ಕಳೆದೆ. ಬಳಕೆಯ ಹಕ್ಕಿನ ಆಸ್ತಿಯನ್ನು (ಗುತ್ತಿಗೆಗೆ ಪಡೆದದ್ದನ್ನು ಬಳಸುವ ಹಕ್ಕಿನ ಬೆಲೆ) ಕೆಲವರು ಸ್ಥಿರಾಸ್ತಿಯೊಳಗೇ ತೋರಿಸುತ್ತಾರೆ, ಕೆಲವರು ಪ್ರತ್ಯೇಕ ಸಾಲಿನಲ್ಲಿ. ಟಿಪ್ಪಣಿ ಓದದೆ ತಿಳಿಯುವುದಿಲ್ಲ. ಬಡ್ಡಿ ಪಾವತಿಯದ್ದೂ ಇದೇ ಕಥೆ. ನಗದು ಹರಿವಿನ ಮಾನದಂಡವಾದ ಐಎಎಸ್ 7ರಲ್ಲಿ ಅದನ್ನು ಕಾರ್ಯಾಚರಣೆಯಲ್ಲಿ ಇಡಬಹುದು, ಹಣಕಾಸಿನಲ್ಲೂ ಇಡಬಹುದು. ಎಲ್ಲರದ್ದನ್ನೂ ಒಂದೇ ಕಡೆಗೆ ತರದಿದ್ದರೆ ಹೆಚ್ಚು ಬಡ್ಡಿ ಕಟ್ಟುವವರ ಅಕ್ರೂಯಲ್ ತಾನಾಗಿಯೇ ಬೇರೆಯಾಗಿ ಕಾಣುತ್ತದೆ. ಸಾಲದ ಅಧ್ಯಯನದಲ್ಲಿ ಇದಕ್ಕಿಂತ ಕೆಟ್ಟ ಜಾಗದಲ್ಲಿ ತಪ್ಪು ಬೀಳಲಾರದು.

ಜೋನ್ಸ್ ಉಳಿಕೆ ಒಂದು ವರ್ಷದ ಚಿತ್ರ. ಸಾಲಗಾರನ ಬಗ್ಗೆ ಬ್ಯಾಂಕಿಗೆ ಬೇಕಾದದ್ದು, ಇವನ ಅಂದಾಜುಗಳು ಕೊನೆಗೆ ನಗದಾಗಿ ಕೈಗೆ ಬರುತ್ತವೆಯೇ ಎಂಬುದು. ಅದಕ್ಕೆ ಡೆಚೌ ಮತ್ತು ಡಿಚೆವ್ ಅವರ 2002ರ ಅಳತೆಯೇ ಹತ್ತಿರ. ದುಡಿಯುವ ಬಂಡವಾಳದ (ಗಿರಾಕಿ ಬಾಕಿ, ದಾಸ್ತಾನು ಮುಂತಾದವುಗಳ) ಅಕ್ರೂಯಲನ್ನು ಹಿಂದಿನ, ಈಗಿನ, ಮುಂದಿನ ವರ್ಷದ ನಗದು ಹರಿವಿನ ಮೇಲೆ ರಿಗ್ರೆಶನ್ ಮಾಡಿ, ಉಳಿಕೆಗಳು ವರ್ಷದಿಂದ ವರ್ಷಕ್ಕೆ ಎಷ್ಟು ಚೆದುರಿವೆ ಎಂದು ನೋಡುವುದು. ಐದು ವರ್ಷದ ಚೆದುರುವಿಕೆ ಬೇಕೆಂದರೆ, ಎರಡೂ ತುದಿಗೆ ಒಂದೊಂದು ವರ್ಷ ಸೇರಿ, ಒಟ್ಟು ಏಳು ವರ್ಷದ ನಗದು ಹರಿವು ಸತತವಾಗಿ ಸಿಗಬೇಕು. ನನಗೆ ಈ ಅಳತೆಯ ಮೇಲೆ ಇರುವ ದೊಡ್ಡ ತಕರಾರು ಇದೇ. ಏಳು ವರ್ಷ ಬಾಳಿದ ಕಂಪನಿಗೆ ಸಾಲ ಸಿಗುವುದು ಅಂಥ ಕಷ್ಟವೇನಲ್ಲ. ಯಾರಿಗೆ ಕಷ್ಟವೋ ಅವರು ಲೆಕ್ಕಕ್ಕೇ ಬರದೆ ಉದುರಿಹೋಗುತ್ತಾರೆ. ಮುಂದಿನ ವರ್ಷದ ನಗದು ಸಾಲ ಕೊಡುವ ದಿನ ಬ್ಯಾಂಕಿಗೆ ಗೊತ್ತಿರುವುದಿಲ್ಲ ಎನ್ನುವುದು ಇನ್ನೊಂದು. ಹಾಗಾಗಿ ಅಳತೆಯನ್ನು ಒಂದು ವರ್ಷ ಹಿಂದಕ್ಕೆ ಸರಿಸಿ, ಕೊನೆಯ ವರದಿ ಪ್ರಕಟವಾದ ಮೇಲೆ ಎತ್ತಿದ ಸಾಲಕ್ಕೆ ಮಾತ್ರ ಅದನ್ನು ಜೋಡಿಸಿದೆ.

ಅತಿರೇಕದ ಸಂಖ್ಯೆಗಳನ್ನು ಪ್ರತಿ ವರ್ಷವೂ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ ಸಾಲಿನ ಶೇ. 1 ಮತ್ತು ಶೇ. 99ರ ಗಡಿಗೆ ಕಟ್ಟಿಹಾಕಿದ್ದು ರಿಗ್ರೆಶನ್‌ಗೆ ಮುನ್ನ, ಭಾಗಿಸಿದ ಸಂಖ್ಯೆಗಳ ಮೇಲೆ. ಆರಂಭದ ಆಸ್ತಿ ತೀರಾ ಚಿಕ್ಕದಾಗಿದ್ದರೆ ಭಾಗಲಬ್ಧ ಸಿಡಿಯುತ್ತದೆ. ಆಸ್ತಿಗೆ ಒಂದು ಕೆಳಮಿತಿ ಹಾಕುವುದು ಸುಲಭದ ದಾರಿ, ಆದರೆ ಹಾಕಿದ ಕ್ಷಣವೇ ಮತ್ತೆ ಸಣ್ಣವರು ಹೊರಗೆ.

ಈಗ ಸಾಲದ ಬದಿ. ಬಡ್ಡಿ ವೆಚ್ಚವನ್ನು ವರ್ಷದ ಆರಂಭ ಮತ್ತು ಕೊನೆಯ ಸಾಲದ ಸರಾಸರಿಯಿಂದ ಭಾಗಿಸಿ ಬಡ್ಡಿ ದರ ಎನ್ನುವುದು ವಾಡಿಕೆ. ಶೇ. 10ರ ದರದಲ್ಲಿ ವರ್ಷಪೂರ್ತಿ 100 ಸಾಲ, ನಡುವೆ ಆರು ತಿಂಗಳು 240 ಕೈಸಾಲ ತಂದು ವರ್ಷಾಂತ್ಯಕ್ಕೆ ಮುನ್ನ ತೀರಿಸಿದ್ದಾರೆ ಎನ್ನಿ. ಬಡ್ಡಿ 10 ಮತ್ತು 12, ಒಟ್ಟು 22. ಎರಡೂ ತುದಿಯಲ್ಲಿ ಸಾಲ 100. ಲೆಕ್ಕದ ದರ ಶೇ. 22! ಹಂಗಾಮಿ ವ್ಯಾಪಾರದವರಲ್ಲಿ ಇದು ದಿನನಿತ್ಯದ ಮಾತು. ಅರ್ಧವಾರ್ಷಿಕ ಬ್ಯಾಲೆನ್ಸ್ ಸಿಕ್ಕರೆ ಸರಾಸರಿಗೆ ಸೇರಿಸಿಕೊಳ್ಳಿ. ತದ್ವಿರುದ್ಧವಾಗಿ, ಕಟ್ಟುತ್ತಿರುವ ಸ್ಥಾವರದ ಬಡ್ಡಿ ಆಸ್ತಿಯ ಬೆಲೆಗೆ ಸೇರಿ ಲಾಭ-ನಷ್ಟ ಪಟ್ಟಿಯಿಂದ ಮಾಯವಾಗಿರುತ್ತದೆ. ಟಿಪ್ಪಣಿಯಿಂದ ಅದನ್ನು ಎತ್ತಿ ಮತ್ತೆ ಕೂಡಿಸಬೇಕು.

ದರ ಸರಿಯಾಗಿ ಸಿಕ್ಕರೂ ಅದು ಸಾಲ ದಕ್ಕಿದವರ ದರ. ಅರ್ಥಶಾಸ್ತ್ರಜ್ಞರಾದ ಸ್ಟಿಗ್ಲಿಟ್ಜ್ ಮತ್ತು ವೈಸ್ 1981ರಲ್ಲೇ ವಿವರಿಸಿದಂತೆ, ಅಪಾಯ ಕಂಡರೆ ಬ್ಯಾಂಕು ದರ ಏರಿಸುತ್ತಾ ಹೋಗುವುದಿಲ್ಲ, ಸಾಲವನ್ನೇ ನಿರಾಕರಿಸುತ್ತದೆ. ಆದ್ದರಿಂದ ದರದ ಪಕ್ಕದಲ್ಲಿ ಇನ್ನೂ ಎರಡನ್ನು ಇಟ್ಟುಕೊಂಡೆ: ಆ ವರ್ಷ ನಗದು ಹರಿವಿನ ಪಟ್ಟಿಯಲ್ಲಿ ಹೊಸ ದೀರ್ಘಾವಧಿ ಸಾಲ ಕಂಡಿದೆಯೇ ಇಲ್ಲವೇ, ಒಟ್ಟು ಸಾಲದಲ್ಲಿ ಒಂದು ವರ್ಷ ಮೀರಿದ್ದು ಎಷ್ಟು ಪಾಲು. ಹೊರಗಿನ ಹಣ ಸಿಗುವ ಕಷ್ಟವನ್ನು ಅಳೆಯುವ, ಹ್ಯಾಡ್ಲಾಕ್ ಮತ್ತು ಪಿಯರ್ಸ್ ಅವರ 2010ರ ಗಾತ್ರ-ವಯಸ್ಸು ಸೂಚ್ಯಂಕವನ್ನು ಬಳಸುವವರು ಅದರ ಗುಣಕಗಳನ್ನು ಎಲ್ಲೆಂದರಲ್ಲಿ ಅಂಟಿಸುತ್ತಾರೆ. ಅವು ಅಮೆರಿಕದ ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗಳಿಂದ ಬಂದವು. ಆಸ್ತಿ 2004ರ ಡಾಲರ್ ಮೌಲ್ಯದಲ್ಲಿರಬೇಕು, ಗಾತ್ರ 450 ಕೋಟಿ ಡಾಲರಿಗೆ, ವಯಸ್ಸು 37 ವರ್ಷಕ್ಕೆ ನಿಲ್ಲಬೇಕು. ವಯಸ್ಸೆಂದರೆ ಪೇಟೆಯಲ್ಲಿ ಪಟ್ಟಿಯಾಗಿ ಕಳೆದ ವರ್ಷಗಳು, ಸ್ಥಾಪನೆಯಿಂದಲ್ಲ. ಬೇರೆ ಪೇಟೆಯ ಕಂಪನಿಗಳಿಗೆ ಗಾತ್ರ, ವಯಸ್ಸನ್ನು ನೇರವಾಗಿ ಹಾಕುವುದೇ ಪ್ರಾಮಾಣಿಕ.

ನಂಟು ಕಂಡರೂ ಯಾವುದರಿಂದ ಯಾವುದು ಎಂಬ ತೊಡಕು ಇದ್ದೇ ಇರುತ್ತದೆ. ಸಾಲದ ಷರತ್ತು ಮುರಿಯುವ ಅಂಚಿಗೆ ಬಂದವರು ಅಕ್ರೂಯಲ್ ಉಬ್ಬಿಸುತ್ತಾರೆ ಎಂದು ಡಿಫಾಂಡ್ ಮತ್ತು ಜಿಯಾಂಬಾಲ್ವೊ 1994ರಲ್ಲೇ ತೋರಿಸಿದ್ದಾರೆ. ಅಲ್ಲಿ ಸಾಲದಿಂದ ಲೆಕ್ಕ ಕೆಡುತ್ತದೆ, ಲೆಕ್ಕದಿಂದ ಸಾಲವಲ್ಲ. ಷರತ್ತಿನ ವಿವರ ಕೊಟ್ಟಿರುವ ಕಂಪನಿಗಳಲ್ಲಿ ಅಂಚಿನಲ್ಲಿರುವವರನ್ನು ತೆಗೆದು ಇನ್ನೊಮ್ಮೆ ಓಡಿಸಿ. ಪ್ರಶ್ನೆಯನ್ನೇ ತಿರುಗಿಸಿ ಉಳಿಕೆಯನ್ನು ಎಡಬದಿಗೆ, ಅಂದರೆ ವಿವರಿಸಬೇಕಾದ ಸಂಖ್ಯೆಯಾಗಿ, ಇಡುವುದಾದರೆ, ಚೆನ್, ಹ್ರಿಬಾರ್ ಮತ್ತು ಮೆಲೆಸ್ಸಾ 2018ರಲ್ಲಿ ಎಚ್ಚರಿಸಿದಂತೆ, ಉಳಿಕೆ ತೆಗೆದ ಮೊದಲ ಹಂತದ ರಿಗ್ರೆಶನ್ನಿನ ಚರಗಳನ್ನು ಎರಡನೆಯದರಲ್ಲೂ ಇಡಬೇಕು. ಫಲಿತಾಂಶದ ದೋಷಮಿತಿಯನ್ನು (ಸ್ಟ್ಯಾಂಡರ್ಡ್ ಎರರ್) ಅಂದಾಜಿಸುವಾಗ ಒಂದು ಕಂಪನಿಯ ಎಲ್ಲ ವರ್ಷಗಳನ್ನು ಒಂದೇ ಗುಂಪಾಗಿ ಹಿಡಿಯುವುದು ಕಡ್ಡಾಯ: ಒಂದೇ ಕಂಪನಿಯ ಎಂಟು ವರ್ಷದ ಬಡ್ಡಿ ದರ ಎಂಟು ಬೇರೆ ಬೇರೆ ಸಾಕ್ಷಿಗಳಾಗುವುದಿಲ್ಲ.

ಈ ಅಳತೆಗಳನ್ನು ನಗದು ಆಧಾರದಲ್ಲಿ ಲೆಕ್ಕ ಇಡುವ ಸರ್ಕಾರಿ ಸಂಸ್ಥೆಗಳಿಗೆ ಒಯ್ಯಬೇಡಿ. ಅಂಥ ಲೆಕ್ಕದಲ್ಲಿ ಅಕ್ರೂಯಲ್ ಎಂಬುದೇ ಇರುವುದಿಲ್ಲ.

ಕೊನೆಯ ಕಡತ ಒಂದು ಉದುರುಪಟ್ಟಿ. ನಗದು ಹರಿವಿಲ್ಲದೆ ಬಿದ್ದವರು, ಗುಂಪು ಸಾಲದೆ ಬಿದ್ದವರು, ಏಳು ವರ್ಷ ತುಂಬದೆ ಬಿದ್ದವರು, ಬಡ್ಡಿಯ ಸಾಲು ಖಾಲಿಯಿದ್ದು ಬಿದ್ದವರು. ಪ್ರತಿ ಹಂತದಲ್ಲೂ ಸಂಖ್ಯೆಯ ಪಕ್ಕದಲ್ಲಿ ಬಿದ್ದವರ ಮತ್ತು ಉಳಿದವರ ಮಧ್ಯಾಂಕ ಆಸ್ತಿ, ವಯಸ್ಸು, ಸಾಲದ ಪಾಲು. ಫಲಿತಾಂಶದ ಪಟ್ಟಿಗಿಂತ ಮೊದಲು ಇದನ್ನೇ ಮುದ್ರಿಸಿ, ಉಳಿದವರಲ್ಲಿ ತೀರಾ ಚಿಕ್ಕ ಹತ್ತು ಕಂಪನಿಗಳ ವರದಿಗಳನ್ನು ಕೈಯಾರೆ ತಾಳೆ ನೋಡಿ.