ನನ್ನ ಅನುಭವ: ಬ್ಯಾಕಪ್ ತಂತ್ರಾಂಶಕ್ಕೆ ಸ್ಟೋರೇಜ್ ಅಪ್ಲಯನ್ಸ್ ಜೋಡಿಸಿದ್ದು

ಡಿಡುಪ್ಲಿಕೇಶನ್ ಮಾಡುವ, ಎಂದರೆ ಮರುಕಳಿಸುವ ದತ್ತಾಂಶವನ್ನು ಒಮ್ಮೆ ಮಾತ್ರ ಉಳಿಸಿಕೊಳ್ಳುವ ಸ್ಟೋರೇಜ್ ಅಪ್ಲಯನ್ಸ್ (ದತ್ತಾಂಶ ಸಂಗ್ರಹಕ್ಕೆಂದೇ ಇರುವ ಪೆಟ್ಟಿಗೆ) ಒಂದು ನಮ್ಮ ಸರ್ವರ್ ಕೋಣೆಗೆ ಬಂದಾಗ, ಅದನ್ನು ಬ್ಯಾಕಪ್ ತಂತ್ರಾಂಶಕ್ಕೆ ಜೋಡಿಸುವುದು ಅರ್ಧ ದಿನದ ಕೆಲಸವೆಂದು ನಾನು ಲೆಕ್ಕ ಹಾಕಿದ್ದೆ. ಜೋಡಣೆ ಮುಗಿದದ್ದೂ ಅರ್ಧ ದಿನದಲ್ಲಿಯೇ. ಆದರೆ ನಾನು ಅದನ್ನು ಕೂರಿಸಿದ ಜಾಗವೇ ತಪ್ಪು ಎಂಬುದು ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ಏನೇನು ನಡೆಯಿತು, ಯಾವುದನ್ನು ಹೇಗೆ ಸರಿಪಡಿಸಿದೆ ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಅಳತೆಯ ವಿಷಯ. ನಮ್ಮಲ್ಲಿ ಸುಮಾರು 60 ವರ್ಚುವಲ್ ಯಂತ್ರಗಳು (ನಿಜವಾದ ಸರ್ವರ್‌ಗಳೊಳಗೆ ತಂತ್ರಾಂಶದ ಮೂಲಕ ಓಡುವ ಕಂಪ್ಯೂಟರುಗಳು) ಇದ್ದು, ಪೂರ್ಣ ಬ್ಯಾಕಪ್ ಒಂದರ ಗಾತ್ರ 8 ಟೆರಾಬೈಟ್. ದಿನವೊಂದಕ್ಕೆ ಬದಲಾಗುವ ದತ್ತಾಂಶ ಸರಾಸರಿ ಶೇ 3, ಎಂದರೆ 240 ಗಿಗಾಬೈಟ್. ಬ್ಯಾಕಪ್‌ಗೆ ಸಿಗುವ ಸಮಯ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ. 8 ಟೆರಾಬೈಟನ್ನು ಎಂಟು ಗಂಟೆಯಲ್ಲಿ ಸಾಗಿಸಬೇಕಾದರೆ ಸೆಕೆಂಡಿಗೆ ಸುಮಾರು 278 ಮೆಗಾಬೈಟ್ ವೇಗ ಬೇಕು. ಒಂದು ಗಿಗಾಬಿಟ್ ಕೊಂಡಿಯ ಸೈದ್ಧಾಂತಿಕ ಮಿತಿಯೇ 125 ಮೆಗಾಬೈಟ್ ಆದ್ದರಿಂದ ಅದರ ಮಾತೇ ಇಲ್ಲ. ಅಂಥ ನಾಲ್ಕು ಕೊಂಡಿಗಳನ್ನು ಕಟ್ಟಿ ಒಂದು ಮಾಡಿದರಾಯಿತಲ್ಲ ಎಂದು ಹೇಳುವವರಿದ್ದಾರೆ. ಆದರೆ ಹಾಗೆ ಕಟ್ಟಿದ ಕೊಂಡಿಗಳಲ್ಲಿಯೂ ಒಂದು ಟಿಸಿಪಿ ಸಂಪರ್ಕ (ಎರಡು ಯಂತ್ರಗಳ ನಡುವಿನ ಒಂದು ಸಂವಾದ) ಒಂದೇ ಕೇಬಲ್‌ನಲ್ಲಿ ಹೋಗುವುದರಿಂದ, ಒಂದೇ ಸರ್ವರ್ ಒಂದೇ ಅಪ್ಲಯನ್ಸ್‌ಗೆ ಬರೆಯುವಾಗ ಆ ಲಾಭ ಬಹುಪಾಲು ಕಾಗದದ ಮೇಲೆಯೇ ಉಳಿಯುತ್ತದೆ. ಹಾಗಾಗಿ 10 ಗಿಗಾಬಿಟ್ ಪೋರ್ಟನ್ನೇ ಬಳಸಿದೆ.

ಡಿಸ್ಕುಗಳು ತಲಾ 4 ಟೆರಾಬೈಟ್‌ನ 12. ಒಂದನ್ನು ಬಿಡಿಯಾಗಿ ಇಟ್ಟು, ಉಳಿದ 11ರಲ್ಲಿ ರೈಡ್ 6 (ಎರಡು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ಎರಡು ಡಿಸ್ಕಿನಷ್ಟು ಜಾಗ ಮೀಸಲಿಡುವ ಜೋಡಣೆ) ಕಟ್ಟಿದಾಗ ದತ್ತಾಂಶಕ್ಕೆ ಒಂಬತ್ತರಷ್ಟು ಜಾಗ, ಎಂದರೆ 36 ಟೆರಾಬೈಟ್ ಉಳಿಯಿತು. ಪರದೆ ಮಾತ್ರ 32.7 ಎಂದು ತೋರಿಸುತ್ತಿತ್ತು. ಡಿಸ್ಕ್ ತಯಾರಕರು ಸಾವಿರದ ಲೆಕ್ಕದಲ್ಲಿಯೂ ಅಪ್ಲಯನ್ಸ್ 1024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಆಗುವ ವ್ಯತ್ಯಾಸವಿದು. ಸಾಮರ್ಥ್ಯದ ಅಂದಾಜನ್ನು ಮೇಲಿನವರಿಗೆ ಒಪ್ಪಿಸುವ ಮುನ್ನವೇ ಇದನ್ನು ಹೇಳಿಬಿಡುವುದು ಒಳ್ಳೆಯದು. ಆಮೇಲೆ ಹೇಳಿದರೆ ಮೂರು ಟೆರಾಬೈಟ್ ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಉತ್ತರ ಕೊಡುತ್ತ ಕೂರಬೇಕಾಗುತ್ತದೆ.

ಸಾಧನದ ತಯಾರಕರದೇ ಆದ ಪ್ರೋಟೊಕಾಲ್ ಬಳಸುವುದೋ, ಸಾಮಾನ್ಯ ಎನ್‌ಎಫ್‌ಎಸ್ ಹಂಚಿಕೆ (ನೆಟ್‌ವರ್ಕ್ ಮೂಲಕ ಫೋಲ್ಡರ್ ಹಂಚುವ ವಿಧಾನ) ಸಾಕೋ ಎಂಬುದು ಮುಂದಿನ ತೀರ್ಮಾನ. ಡಿಡಿ ಬೂಸ್ಟ್, ಕ್ಯಾಟಲಿಸ್ಟ್ ಮುಂತಾದ ಪ್ರೋಟೊಕಾಲ್‌ಗಳಲ್ಲಿ ಡಿಡುಪ್ಲಿಕೇಶನ್ ಕೆಲಸದ ಒಂದು ಭಾಗ ಕಳುಹಿಸುವ ಕಡೆಯಲ್ಲಿಯೇ ನಡೆದು, ಅಪ್ಲಯನ್ಸ್‌ನಲ್ಲಿ ಈಗಾಗಲೇ ಇಲ್ಲದ ತುಣುಕುಗಳು ಮಾತ್ರ ಕೇಬಲ್ ಮೇಲೆ ಸಾಗುತ್ತವೆ. ಅವಕಾಶವಿದ್ದವರು ಅಂಥದ್ದನ್ನೇ ಆರಿಸಿಕೊಳ್ಳಲಿ. ನಮ್ಮ ಸಾಧನದಲ್ಲಿ ಆ ಸೌಲಭ್ಯಕ್ಕೆ ಬೇರೆ ಪರವಾನಗಿ ಬೇಕಿತ್ತು, ಅದು ಇರಲಿಲ್ಲವಾದ್ದರಿಂದ ಎನ್‌ಎಫ್‌ಎಸ್ ಹಂಚಿಕೆಯನ್ನೇ ಬಳಸಿದೆ. ಎನ್‌ಎಫ್‌ಎಸ್‌ನ ಮೂರನೆಯ ಆವೃತ್ತಿಯಲ್ಲಿ ದತ್ತಾಂಶ ಸಾಮಾನ್ಯವಾಗಿ ಯಾವ ಮುಸುಕೂ ಇಲ್ಲದೆ ಸಾಗುವುದರಿಂದ ಅದಕ್ಕಾಗಿ ಪ್ರತ್ಯೇಕ ವಿಎಲ್ಯಾನ್ (ಉಳಿದವುಗಳಿಂದ ಬೇರ್ಪಟ್ಟ ನೆಟ್‌ವರ್ಕ್ ಭಾಗ) ಮಾಡಿ, ಬ್ಯಾಕಪ್ ತಂತ್ರಾಂಶದ ಪರವಾಗಿ ಅಪ್ಲಯನ್ಸ್‌ಗೆ ಬರೆಯುವ ಗೇಟ್‌ವೇ ಸರ್ವರ್ ಒಂದರ ಐಪಿ ವಿಳಾಸಕ್ಕೆ ಮಾತ್ರ ಹಂಚಿಕೆಯನ್ನು ತೆರೆದೆ. ಮೌಂಟ್ ಮಾಡುವಾಗ (ಹಂಚಿಕೆಯನ್ನು ಸರ್ವರ್‌ಗೆ ಜೋಡಿಸುವಾಗ) ಉತ್ತರ ಬರುವವರೆಗೂ ಕಾಯುವ ಹಾರ್ಡ್ ಆಯ್ಕೆಯನ್ನೇ ಕೊಟ್ಟೆ. ಸಾಫ್ಟ್ ಮೌಂಟ್‌ನಲ್ಲಿ ಅಪ್ಲಯನ್ಸ್ ಸ್ವಲ್ಪ ಹೊತ್ತು ಉತ್ತರಿಸದಿದ್ದರೆ ಬರವಣಿಗೆ ಅರ್ಧಕ್ಕೇ ಕೈಬಿಟ್ಟುಹೋಗಿ ಫೈಲ್ ಕೆಡುವ ಸಾಧ್ಯತೆಯಿದೆ. ಬ್ಯಾಕಪ್ ಫೈಲಿಗೆ ಅದಕ್ಕಿಂತ ಕಾದು ನಿಲ್ಲುವುದೇ ಮೇಲು.

ಮೊದಲ ತೊಡಕು ಎದುರಾದದ್ದು ಇಲ್ಲಿಯೇ. ಮೌಂಟ್ ಆಯಿತು, ಫೋಲ್ಡರುಗಳ ಪಟ್ಟಿ ಬಂತು, ಖಾಲಿ ಫೈಲ್ ಸೃಷ್ಟಿಯಾಯಿತು. ನಿಜವಾದ ಬ್ಯಾಕಪ್ ಶುರು ಮಾಡಿದ ಕೂಡಲೇ ಎಲ್ಲವೂ ಸ್ತಬ್ಧ. ದೋಷದ ಸಂದೇಶವೂ ಇಲ್ಲ, ಪ್ರಗತಿಯೂ ಇಲ್ಲ. ಒಂದು ಗಂಟೆ ಅನುಮತಿಗಳನ್ನೇ ತಡಕಾಡಿದ ಮೇಲೆ ಜಂಬೊ ಫ್ರೇಮ್ (ಸಾಮಾನ್ಯಕ್ಕಿಂತ ದೊಡ್ಡ ನೆಟ್‌ವರ್ಕ್ ಪ್ಯಾಕೆಟ್) ನೆನಪಾಯಿತು. ಸರ್ವರ್‌ನಲ್ಲಿಯೂ ಅಪ್ಲಯನ್ಸ್‌ನಲ್ಲಿಯೂ ಎಂಟಿಯು, ಎಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 9000 ಬೈಟ್ ಎಂದು ಕೊಟ್ಟಿದ್ದೆ. ನಡುವಿನ ಸ್ವಿಚ್‌ನ ಒಂದು ಪೋರ್ಟಿನಲ್ಲಿ ಅದು 1500ರಲ್ಲಿಯೇ ಇತ್ತು. ಚಿಕ್ಕ ಪ್ಯಾಕೆಟ್‌ಗಳು ಸಲೀಸಾಗಿ ದಾಟುತ್ತಿದ್ದವು, ದೊಡ್ಡವು ಸದ್ದಿಲ್ಲದೆ ಸಾಯುತ್ತಿದ್ದವು. ಇದನ್ನು ಪತ್ತೆ ಮಾಡುವ ಉಪಾಯ ಸರಳ: ತುಂಡು ಮಾಡಬಾರದೆಂಬ ಸೂಚನೆಯೊಂದಿಗೆ 8972 ಬೈಟ್‌ಗಳ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಪರೀಕ್ಷಾ ಪ್ಯಾಕೆಟ್) ಕಳುಹಿಸಬೇಕು. 9000ದಲ್ಲಿ ಐಪಿ ಶೀರ್ಷಿಕೆಗೆ 20, ಐಸಿಎಂಪಿ (ಪಿಂಗ್ ಬಳಸುವ ಪ್ರೋಟೊಕಾಲ್) ಶೀರ್ಷಿಕೆಗೆ 8 ಬೈಟ್ ಕಳೆದರೆ ಉಳಿಯುವುದು ಅಷ್ಟೇ. ಅದು ಎರಡೂ ದಿಕ್ಕಿನಲ್ಲಿ ಮರಳಿ ಬಂದರೆ ದಾರಿ ಸರಿಯಿದೆ ಎಂದರ್ಥ. ಸ್ವಿಚ್ ಪೋರ್ಟ್ ಸರಿಪಡಿಸಿದ ಮೇಲೆ ಆ ರಾತ್ರಿಯೇ ಮೊದಲ ಪೂರ್ಣ ಬ್ಯಾಕಪ್ ಮುಗಿಯಿತು.

ಮುಂದಿನ ಮೂರು ವಾರ ನಾನು ನೆಮ್ಮದಿಯಿಂದಿದ್ದೆ. ದಿನವೂ ಬೆಳಗ್ಗೆ ಹಸಿರು ಗುರುತುಗಳು ಕಾಣುತ್ತಿದ್ದವು. ಮೂರನೆಯ ವಾರಾಂತ್ಯದ ಪೂರ್ಣ ಬ್ಯಾಕಪ್ ಆದ ಮೇಲೆ ಅಪ್ಲಯನ್ಸ್‌ನ ಪರದೆ ತೆರೆದು ನೋಡಿದರೆ ಡಿಡುಪ್ಲಿಕೇಶನ್ ಅನುಪಾತ (ಅಪ್ಲಯನ್ಸ್‌ಗೆ ಬಂದ ದತ್ತಾಂಶ ಅದು ಹಿಡಿದ ಜಾಗದ ಎಷ್ಟು ಪಟ್ಟು ಎಂಬ ಲೆಕ್ಕ) 1.1. ಸುಮಾರು 13 ಟೆರಾಬೈಟ್ ಜಾಗ ಹೋಗಿಯೇ ಬಿಟ್ಟಿತ್ತು. ಒಂದೇ ಯಂತ್ರಗಳ ಮೂರು ಪೂರ್ಣ ಪ್ರತಿಗಳು ಒಂದರೊಡನೊಂದು ಹೋಲುವುದೇ ಇಲ್ಲ ಎಂದು ಆ ಪೆಟ್ಟಿಗೆ ಹೇಳುತ್ತಿತ್ತು.

ತಪ್ಪು ಪೆಟ್ಟಿಗೆಯದಲ್ಲ. ಬ್ಯಾಕಪ್ ತಂತ್ರಾಂಶದ ಕೆಲಸಗಳಲ್ಲಿ (ಜಾಬ್‌ಗಳಲ್ಲಿ) ಕಂಪ್ರೆಶನ್ (ಗಾತ್ರ ಕುಗ್ಗಿಸುವುದು) ಮತ್ತು ಕೀಲಿಯಿಲ್ಲದೆ ಓದಲಾಗದಂತೆ ಮಾಡುವ ಎನ್‌ಕ್ರಿಪ್ಶನ್ ಎರಡನ್ನೂ, ಹಿಂದಿನ ಸಾಮಾನ್ಯ ಡಿಸ್ಕ್ ಸರ್ವರ್‌ಗೆ ಇದ್ದಂತೆಯೇ ಬಿಟ್ಟಿದ್ದೆ. ಅಪ್ಲಯನ್ಸ್ ದತ್ತಾಂಶವನ್ನು ಕೆಲವೇ ಕಿಲೋಬೈಟ್‌ಗಳ ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನ ಬೆರಳಚ್ಚನ್ನು ಹಿಂದಿನವುಗಳೊಂದಿಗೆ ಹೋಲಿಸುತ್ತದೆ. ತಂತ್ರಾಂಶ ಒಂದು ಮೆಗಾಬೈಟ್‌ನ ಬ್ಲಾಕನ್ನು ಕಂಪ್ರೆಸ್ ಮಾಡಿ ಕೊಟ್ಟರೆ, ಆ ಬ್ಲಾಕಿನ ಆರಂಭದಲ್ಲೆಲ್ಲೋ ನಾಲ್ಕು ಅಕ್ಷರ ಬದಲಾದರೂ ಅಲ್ಲಿಂದ ಮುಂದಿನ ಬೈಟ್‌ಗಳೆಲ್ಲ ಬೇರೆಯಾಗಿಬಿಡುತ್ತವೆ. ಒಳಗೆ ನೂರಾರು ತುಣುಕುಗಳು ಹಿಂದಿನಂತೆಯೇ ಇದ್ದರೂ ಅವನ್ನು ಗುರುತಿಸಲು ಅಪ್ಲಯನ್ಸ್‌ಗೆ ದಾರಿಯಿಲ್ಲ. ಎನ್‌ಕ್ರಿಪ್ಶನ್‌ನ ಪರಿಣಾಮ ಇನ್ನೂ ನಿಷ್ಠುರ. ಪ್ರತಿ ಬಾರಿಯೂ ಹೊಸ ಕೀಲಿ ಬಳಸುವ ತಂತ್ರಾಂಶದಲ್ಲಿ, ಒಂದಕ್ಷರವೂ ಬದಲಾಗದ ಫೈಲು ಕೂಡ ಪ್ರತಿ ವಾರ ಹೊಚ್ಚಹೊಸ ಗೋಜಲಾಗಿ ಬಂದಿಳಿಯುತ್ತದೆ.

ಆದ್ದರಿಂದ ಕೆಲಸದ ಮಟ್ಟದ ಎನ್‌ಕ್ರಿಪ್ಶನ್ ತೆಗೆದು, ಡಿಡುಪ್ಲಿಕೇಶನ್ ಆದ ನಂತರ ಅಪ್ಲಯನ್ಸ್ ತಾನೇ ಮಾಡುವ ಎನ್‌ಕ್ರಿಪ್ಶನ್ ಚಾಲೂ ಮಾಡಿದೆ. ಅದರ ಕೀಲಿಯ ಪ್ರತಿಯೊಂದು ಅಪ್ಲಯನ್ಸ್‌ನ ಹೊರಗೆ ಇರುವಂತೆ ನೋಡಿಕೊಂಡೆ. ಕಂಪ್ರೆಶನ್ ವಿಷಯದಲ್ಲಿ ನಡುವಿನ ದಾರಿಯೊಂದಿತ್ತು. ಯಂತ್ರಗಳಿಂದ ಗೇಟ್‌ವೇವರೆಗೆ ದತ್ತಾಂಶ ಕಂಪ್ರೆಸ್ ಆಗಿಯೇ ಬರಲಿ, ಗೇಟ್‌ವೇ ಅದನ್ನು ಬಿಚ್ಚಿ ಅಪ್ಲಯನ್ಸ್‌ಗೆ ಬರೆಯಲಿ ಎಂಬ ಆಯ್ಕೆ ರಿಪಾಸಿಟರಿಯ (ಬ್ಯಾಕಪ್ ಇಡುವ ಜಾಗದ) ಸೆಟ್ಟಿಂಗ್‌ನಲ್ಲಿದೆ. ಗೇಟ್‌ವೇಯನ್ನು ಅಪ್ಲಯನ್ಸ್‌ನ ಪಕ್ಕದಲ್ಲಿಯೇ, ಅದೇ 10 ಗಿಗಾಬಿಟ್ ಸ್ವಿಚ್‌ನಲ್ಲಿ ಇಟ್ಟದ್ದು ಆಗ ಉಪಯೋಗಕ್ಕೆ ಬಂತು. ಹೊಸ ಸರಣಿಯ (ಪೂರ್ಣ ಬ್ಯಾಕಪ್ ಮತ್ತು ಅದರ ನಂತರದ ಬದಲಾವಣೆಗಳ ಸಾಲು) ಮೊದಲ ಪೂರ್ಣ ಬ್ಯಾಕಪ್ ಒಳಗೆ 3.4 ಟೆರಾಬೈಟ್ ಜಾಗ ಹಿಡಿಯಿತು. ಮರುವಾರದ್ದು ಅರ್ಧ ಟೆರಾಬೈಟನ್ನೂ ಮುಟ್ಟಲಿಲ್ಲ. ಐದನೆಯ ವಾರದ ಕೊನೆಗೆ ಅನುಪಾತ 8 ದಾಟಿತ್ತು.

ಹಳೆಯ ಮೂರು ವಾರದ ಸರಣಿಯನ್ನು ಅಳಿಸಿದಾಗ ಇನ್ನೊಂದು ಪಾಠವಾಯಿತು. 13 ಟೆರಾಬೈಟ್ ಅಳಿಸಿದರೂ ಬಳಕೆಯ ಅಂಕಿ ಕದಲಲಿಲ್ಲ. ಇಂಥ ಸಾಧನದಲ್ಲಿ ಫೈಲ್ ಅಳಿಸುವುದೆಂದರೆ ತುಣುಕುಗಳ ಮೇಲಿನ ಹಕ್ಕು ಬಿಟ್ಟುಕೊಡುವುದು ಮಾತ್ರ. ಯಾರಿಗೂ ಬೇಡವಾದ ತುಣುಕುಗಳನ್ನು ಹುಡುಕಿ ಜಾಗ ಬಿಡಿಸುವುದು ಕ್ಲೀನಿಂಗ್ ಎಂಬ ಪ್ರತ್ಯೇಕ ಕೆಲಸ. ಅದು ನಮ್ಮಲ್ಲಿ ವಾರಕ್ಕೊಮ್ಮೆ, ಬ್ಯಾಕಪ್ ನಡೆಯುವ ಹೊತ್ತಿನಲ್ಲಿಯೇ ಓಡುವಂತೆ ಇತ್ತು. ಅದನ್ನು ಹಗಲಿಗೆ ಸರಿಸಿದೆ. ಜಾಗ ಶೇ 90 ದಾಟಿದ ಮೇಲೆ ಅಳಿಸಲು ಕೂರುವವರಿಗೆ ಇದು ಮೊದಲೇ ಗೊತ್ತಿರಬೇಕು, ಏಕೆಂದರೆ ಅಳಿಸಿದ ರಾತ್ರಿಯೇ ಜಾಗ ಸಿಗುವುದಿಲ್ಲ.

ಈಗ ನಾನು ಮೊದಲೇ ಮಾಡಬೇಕಿದ್ದ ಕೆಲಸಕ್ಕೆ ಬರುತ್ತೇನೆ. ಎರಡು ತಿಂಗಳಾದ ಮೇಲೆ ಮೊದಲ ಬಾರಿಗೆ ದೊಡ್ಡ ರಿಸ್ಟೋರ್ ಪರೀಕ್ಷೆ (ಬ್ಯಾಕಪ್‌ನಿಂದ ದತ್ತಾಂಶ ಮರಳಿ ಪಡೆಯುವ ಪರೀಕ್ಷೆ) ಮಾಡಿದೆ. 200 ಗಿಗಾಬೈಟ್‌ನ ಒಂದು ಯಂತ್ರ. ಬರೆಯುವಾಗ ಸೆಕೆಂಡಿಗೆ 300 ಮೆಗಾಬೈಟ್ ಮುಟ್ಟುತ್ತಿದ್ದ ಅದೇ ಪೆಟ್ಟಿಗೆ ಓದುವಾಗ 60ರ ಆಸುಪಾಸಿನಲ್ಲಿ ತೆವಳಿತು; 55 ನಿಮಿಷ ಹಿಡಿಯಿತು. ಬ್ಯಾಕಪ್ ಫೈಲಿನಿಂದಲೇ ಯಂತ್ರವನ್ನು ನೇರವಾಗಿ ಚಾಲೂ ಮಾಡುವ ಸೌಲಭ್ಯವನ್ನು ಪ್ರಯತ್ನಿಸಿದಾಗ ಲಾಗಿನ್ ಪರದೆ ಬರಲು 20 ನಿಮಿಷಕ್ಕೂ ಹೆಚ್ಚು ಕಾದೆ, ಬಂದ ಮೇಲೆ ಮೌಸ್ ಕೂಡ ಎಳೆದೆಳೆದು ಚಲಿಸಿತು. ಕಾರಣ ಸ್ಪಷ್ಟ: ಒಂದು ಫೈಲಿನ ತುಣುಕುಗಳು ಬೇರೆ ಬೇರೆ ವಾರಗಳಲ್ಲಿ ಬರೆದ ಜಾಗಗಳಲ್ಲಿ ಚದುರಿರುತ್ತವೆ, ಅವನ್ನೆಲ್ಲ ಆಯ್ದು ಹೊಲಿದು ಮರಳಿ ಕೊಡಬೇಕು, ತಿರುಗುವ ಡಿಸ್ಕುಗಳಿಗೆ ಆ ಓಡಾಟ ದುಬಾರಿ. ತಂತ್ರಾಂಶ ಹಳೆಯ ತುಂಡುಗಳನ್ನು ಜೋಡಿಸಿ ಹೊಸ ಪೂರ್ಣ ಪ್ರತಿ ಕಟ್ಟುವ ಸಿಂಥೆಟಿಕ್ ಫುಲ್ ಕೂಡ ಎನ್‌ಎಫ್‌ಎಸ್ ಮೇಲೆ ಇದೇ ಕಾರಣಕ್ಕೆ ನರಳುತ್ತದೆ, ಏಕೆಂದರೆ ದತ್ತಾಂಶವೆಲ್ಲ ಅಪ್ಲಯನ್ಸ್‌ನಿಂದ ಗೇಟ್‌ವೇಗೆ ಬಂದು ಮತ್ತೆ ಅಪ್ಲಯನ್ಸ್‌ಗೇ ಹೋಗಬೇಕು.

ಅಂದು ಇಡೀ ವ್ಯವಸ್ಥೆಯ ಕ್ರಮವನ್ನು ಬದಲಿಸಿದೆ. ಮೂಲೆಗೆ ಸೇರಿಸಿದ್ದ ಹಳೆಯ ಡಿಸ್ಕ್ ಸರ್ವರನ್ನು ಮತ್ತೆ ಮುಂದಕ್ಕೆ ತಂದು, ಯಾವ ಡಿಡುಪ್ಲಿಕೇಶನ್ನೂ ಇಲ್ಲದ 10 ಟೆರಾಬೈಟ್ ಜಾಗದಲ್ಲಿ ಕಳೆದ ಏಳು ದಿನದ ಬ್ಯಾಕಪ್ ಮಾತ್ರ ಇಡುವಂತೆ ಮಾಡಿದೆ. ಅಲ್ಲಿಂದ ಕಾಪಿ ಕೆಲಸವೊಂದು ಪ್ರತಿಗಳನ್ನು ಅಪ್ಲಯನ್ಸ್‌ಗೆ ಸಾಗಿಸುತ್ತದೆ. ವಾರದ ಪೂರ್ಣ ಪ್ರತಿಯನ್ನು ಅಪ್ಲಯನ್ಸ್‌ನ ಒಳಗಿಂದ ಹೊಲಿಯದೆ ಮೂಲದಿಂದ ಪೂರ್ತಿಯಾಗಿ ಓದಿ ತರುವಂತೆ ಅದರಲ್ಲಿ ಹೇಳಿದ್ದೇನೆ. ಜನ ಕೇಳುವ ರಿಸ್ಟೋರ್‌ಗಳಲ್ಲಿ ಹೆಚ್ಚಿನವು ನಿನ್ನೆ ಮೊನ್ನೆಯವೇ ಆದ್ದರಿಂದ ಅವು ಸಾಮಾನ್ಯ ಡಿಸ್ಕಿನಿಂದ ಬೇಗ ಮುಗಿಯುತ್ತವೆ. ಆರು ತಿಂಗಳ ಹಿಂದಿನ ಫೈಲು ಬೇಕೆಂದು ಬಂದವರು ಒಂದು ಗಂಟೆ ಕಾಯಲು ಸಾಮಾನ್ಯವಾಗಿ ಸಿದ್ಧರಿರುತ್ತಾರೆ. ಅಪ್ಲಯನ್ಸ್ ಮೊದಲ ಗುರಿಯಾಗಿ ಬಂದದ್ದು, ಎರಡನೆಯ ಗುರಿಯಾಗಿ ನೆಲೆಗೊಂಡಿತು.

ಕಡೆಗೆ ಬೀಗದ ವಿಷಯ. ನಿಗದಿತ ಅವಧಿಯವರೆಗೆ ಫೈಲನ್ನು ಯಾರೂ ಅಳಿಸದಂತೆ, ತಿದ್ದದಂತೆ ಮಾಡುವ ರಿಟೆನ್ಶನ್ ಲಾಕನ್ನು ಹಾಕುವ ಮುನ್ನ ಎರಡು ವಿಷಯ ನೋಡಿದೆ. ಒಂದು, ಗಡಿಯಾರ: ಅವಧಿ ಮುಗಿಯಿತೋ ಇಲ್ಲವೋ ಎಂಬುದನ್ನು ಅಪ್ಲಯನ್ಸ್ ತನ್ನ ಗಡಿಯಾರ ನೋಡಿಯೇ ತೀರ್ಮಾನಿಸುವುದರಿಂದ, ಗಡಿಯಾರವನ್ನು ನೆಟ್‌ವರ್ಕ್ ಮೂಲಕ ಸರಿಹೊಂದಿಸುವ ಎನ್‌ಟಿಪಿ ಸರಿಯಾಗಿದೆಯೆಂದು ಖಾತ್ರಿ ಮಾಡಿಕೊಂಡೆ. ಎರಡು, ಸರಣಿಯ ಬಗೆ: ದಿನದ ಬದಲಾವಣೆಗಳನ್ನು ಹಳೆಯ ಪೂರ್ಣ ಫೈಲಿನೊಳಗೇ ಸೇರಿಸುತ್ತ ಹೋಗುವ ವಿಧಾನ ಬೀಗದೊಂದಿಗೆ ಹೊಂದುವುದಿಲ್ಲ, ಬೀಗ ಬಿದ್ದ ಫೈಲನ್ನು ತಿದ್ದಲು ಹೋಗಿ ಕೆಲಸವೇ ವಿಫಲವಾಗುತ್ತದೆ. ಮೊದಲಿಗೆ ಒಂದೇ ದಿನದ ಬೀಗ ಹಾಕಿ, ಅಳಿಸಲು ಪ್ರಯತ್ನಿಸಿ, ನಿರಾಕರಣೆ ಕಂಡ ಮೇಲೆಯೇ 14 ದಿನಕ್ಕೆ ಏರಿಸಿದೆ. ನಿರ್ವಾಹಕನೂ ತೆಗೆಯಲಾಗದ ಕಟ್ಟುನಿಟ್ಟಿನ ಬೀಗದಲ್ಲಿ ಅವಧಿಯನ್ನು ತಪ್ಪಾಗಿ ಹತ್ತು ವರ್ಷ ಎಂದು ಕೊಟ್ಟರೆ ಹತ್ತು ವರ್ಷ ಅದನ್ನು ಹೊತ್ತುಕೊಂಡಿರಬೇಕಾಗುತ್ತದೆ. ಅಪ್ಲಯನ್ಸನ್ನು ಡೊಮೈನ್‌ಗೆ (ಸಂಸ್ಥೆಯ ಎಲ್ಲ ಖಾತೆಗಳನ್ನು ಒಂದೆಡೆ ನಿರ್ವಹಿಸುವ ವ್ಯವಸ್ಥೆಗೆ) ಸೇರಿಸಲಿಲ್ಲ. ಡೊಮೈನ್ ನಿರ್ವಾಹಕನ ಗುಪ್ತಪದ ಕಳ್ಳನ ಕೈಸೇರಿದರೂ ಅದು ಇಲ್ಲಿ ನಡೆಯಬಾರದು. ದೂರದಿಂದಲೇ ಯಂತ್ರವನ್ನು ಆಫ್ ಮಾಡಬಲ್ಲ ನಿರ್ವಹಣಾ ಪೋರ್ಟಿನ ಗುಪ್ತಪದ ಕಾರ್ಖಾನೆಯಿಂದ ಬಂದಂತೆಯೇ ಇತ್ತು. ಆ ಬಾಗಿಲಿನಿಂದ ಒಳಬಂದವನು ಡಿಸ್ಕುಗಳನ್ನೇ ಒರೆಸಿಹಾಕಬಲ್ಲನಾದ್ದರಿಂದ ಬೀಗ ಹಾಕುವ ದಿನವೇ ಅದನ್ನೂ ಬದಲಿಸಿದೆ.

ಎಚ್ಚರಿಕೆಯ ಇಮೇಲ್ ಬರುತ್ತದೆಯೇ ಎಂದು ನೋಡಲು ಎರಡು ಪವರ್ ಸಪ್ಲೈಗಳಲ್ಲಿ ಒಂದರ ಕೇಬಲ್ ಕಿತ್ತೆ. ಅಪ್ಲಯನ್ಸ್ ಕಿರುಚಿತು, ಮುಂದಿನ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿತು, ಇಮೇಲ್ ಮಾತ್ರ ಬರಲಿಲ್ಲ. ನಮ್ಮದೇ ಮೇಲ್ ಸರ್ವರ್ ಅದರ ವಿಳಾಸವನ್ನು ಒಪ್ಪುತ್ತಿರಲಿಲ್ಲ. ಸರಿಪಡಿಸಲು ಐದು ನಿಮಿಷ ಸಾಕಾಯಿತು.

ಬಾಕಿ ಉಳಿದಿರುವುದು ಡೇಟಾಬೇಸ್ ಡಂಪ್‌ಗಳು (ಡೇಟಾಬೇಸ್‌ನ ದತ್ತಾಂಶವನ್ನು ಫೈಲಾಗಿ ತೆಗೆದಿಟ್ಟ ಪ್ರತಿಗಳು). ಅವು ಕಂಪ್ರೆಸ್ ಆಗಿಯೇ ಹುಟ್ಟುವುದರಿಂದ ಆ ಒಂದು ಫೋಲ್ಡರಿನ ಅನುಪಾತ ಇಂದಿಗೂ 1.2. ಕಂಪ್ರೆಶನ್ ತೆಗೆಯಿರಿ ಎಂದು ಡೇಟಾಬೇಸ್ ನೋಡಿಕೊಳ್ಳುವ ಸಹೋದ್ಯೋಗಿಯನ್ನು ಕೇಳಿದಾಗ ಅವರು, “ತೆಗೆಯಬಹುದು ಸರ್, ಆದರೆ ಡಂಪ್ ಇಳಿಯುವ ಡಿಸ್ಕಿನಲ್ಲಿ ಅಷ್ಟು ಜಾಗ ಎಲ್ಲಿದೆ?” ಎಂದರು. ಅವರು ಹೇಳಿದ್ದು ಸರಿ. ಡಂಪನ್ನು ಸ್ಥಳೀಯ ಡಿಸ್ಕಿಗೆ ಇಳಿಸದೆ ನೇರವಾಗಿ ಆ ಹಳೆಯ ಡಿಸ್ಕ್ ಸರ್ವರ್‌ಗೇ ಬರೆಯಿಸುವ ಪ್ರಯೋಗವನ್ನು ಅವರೊಂದಿಗೆ ಕುಳಿತು ಈ ವಾರ ಆರಂಭಿಸಿದ್ದೇನೆ.