ಹೆಲ್ಮೆಟ್ ಅಡ ಇಟ್ಟು ಒಂಬತ್ತು ದುರ್ಗ ಹತ್ತಿದ್ದು

ಬೆಂಗಳೂರಿನ ಸುತ್ತ ಇರುವ ನವದುರ್ಗಗಳನ್ನು, ಅಂದರೆ ಒಂಬತ್ತು ಕೋಟೆ ಬೆಟ್ಟಗಳನ್ನು, ಒಂದೇ ಸುತ್ತಿನಲ್ಲಿ, ಒಬ್ಬನೇ, ನನ್ನ 2006ರ ಸ್ಪ್ಲೆಂಡರ್‌ನಲ್ಲಿ ಮುಗಿಸುತ್ತೇನೆ ಅಂದಾಗ ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಆ ಗಾಡಿ ಅರ್ಧ ದಾರಿಗೆ ನಿಲ್ಲುತ್ತೆ ಕಣೋ" ಅಂದ ಒಬ್ಬ. ಇನ್ನೊಬ್ಬನ ಮಾತು ನಿಜಕ್ಕೂ ತೂಕದ್ದಾಗಿತ್ತು: "ಗಾಡಿ ಬಿಡು. ಒಬ್ನೇ ಹತ್ತಿ ಮೇಲೆ ಕಾಲು ಮುರ್ಕೊಂಡ್ರೆ ಯಾರಿಗೆ ಗೊತ್ತಾಗುತ್ತೆ?"

ಎರಡು ಸಲ ಸೋತೆ. ಮೂರನೇ ಸಲ, ಹೋದ ಡಿಸೆಂಬರ್‌ನಲ್ಲಿ, ನಾಲ್ಕೂವರೆ ದಿನಕ್ಕೆ ಒಂಬತ್ತೂ ಮುಗಿಸಿದೆ. ಹೇಗೆ ಅಂತ ತುಂಬಾ ಜನ ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಸೋತ ಕತೆ. ಮೊದಲನೇ ಸಲ ಮ್ಯಾಪ್ ನೋಡಿ ದಾರಿ ಹಾಕಿದ್ದೆ. ನನ್ನ ಮನೆ ಯಲಹಂಕ ಕಡೆ, ಹತ್ತಿರದ್ದು ನಂದಿ. ಅಲ್ಲಿಂದ ಶುರು ಮಾಡಿ ಒಂದು ಸುತ್ತು ಬಂದರೆ ಆಯಿತು ಅಂತ ಲೆಕ್ಕ. ಹೊರಟಿದ್ದು ಭಾನುವಾರ. ನಂದಿಯ ಕೆಳಗೆ ಗಾಡಿಗಳ ಸಾಲಿನಲ್ಲೇ ಎರಡು ಗಂಟೆ ಹೋಯಿತು. ಮಾಕಳಿದುರ್ಗದ ಬುಡಕ್ಕೆ ಬರುವಾಗ ಹನ್ನೆರಡು ದಾಟಿತ್ತು, ಬಂಡೆ ಕಾದ ಹೆಂಚಿನ ಹಾಗೆ. ತಂದಿದ್ದ ಎರಡು ಲೀಟರ್ ನೀರು ಅರ್ಧ ಬೆಟ್ಟಕ್ಕೇ ಮುಗಿಯಿತು. ಮೂರನೇ ಬೆಟ್ಟಕ್ಕೆ ತಲೆ ಸುತ್ತು ಬಂದು ಮನೆಗೆ ತಿರುಗಿದೆ. ಹೋದದ್ದು ಸುಮಾರು 1,800 ರೂಪಾಯಿ.

ಎರಡನೇ ಸಲ ಸೆಪ್ಟೆಂಬರ್. ಬಿಸಿಲು ಇರಲ್ಲ, ಹಸಿರು ಇರುತ್ತೆ ಅಂದುಕೊಂಡೆ. ಸಾವನದುರ್ಗದಲ್ಲಿ ಬೆಳಗಿನ ತುಂತುರಿಗೆ ಬಂಡೆ ಮೇಲಿನ ಕಪ್ಪು ಪಾಚಿ ಸೋಪಿನ ಹಾಗೆ ಆಗಿತ್ತು. ಹತ್ತು ಹನ್ನೆರಡು ಅಡಿ ಜಾರಿ ಒಂದು ಪೊದೆ ಹಿಡಿದು ನಿಂತೆ. ಪಾದದ ಗಂಟು ಊದಿತು. ಹಟಕ್ಕೆ ಬಿದ್ದು ಅದರಲ್ಲೇ ಹುಲಿಯೂರುದುರ್ಗಕ್ಕೆ ಹೋದೆ. ಲಂಟಾನ ಬೆಳೆದು ದಾರಿಯೇ ಕಾಣಲಿಲ್ಲ, ಮೂರು ಗಂಟೆ ಪೊದೆಯೊಳಗೆ ಸುತ್ತಿ ಇಳಿದೆ. ಸಂಜೆ ಕುಣಿಗಲ್ ಕಡೆ ಬರುವಾಗ ಜಾಲಿ ಮುಳ್ಳಿಗೆ ಹಿಂದಿನ ಚಕ್ರ ಪಂಕ್ಚರ್. ನಾಲ್ಕು ಕಿಲೋಮೀಟರ್ ತಳ್ಳಿದೆ. ಮಾರನೇ ದಿನ ಗಾಡಿಯ ಚೈನ್ ಕೂಡಿಸುವ ಲಾಕ್ ಕಳಚಿ ಬಿತ್ತು. ಎಕ್ಸ್‌ರೇ, ಔಷಧಿ, ಗಾಡಿ ರಿಪೇರಿ, ರೂಮು ಎಲ್ಲ ಸೇರಿ 4,500 ಹತ್ತಿರ. ಕೈಗೆ ಸಿಕ್ಕಿದ್ದು ಒಂದೂವರೆ ಬೆಟ್ಟ.

ಮನೆಯಲ್ಲಿ ಮೂರು ವಾರ ಕಾಲು ಚಾಚಿ ಕೂತಾಗ ಹೊಳೆದಿದ್ದು ಇಷ್ಟೇ. ದಾರಿಯನ್ನು ಮ್ಯಾಪ್ ನೋಡಿ ಹಾಕಬಾರದು, ಬಿಸಿಲು ಮತ್ತು ವಾರ ನೋಡಿ ಹಾಕಬೇಕು. ಕಬ್ಬಾಳದುರ್ಗದ ಕಬ್ಬಾಳಮ್ಮನ ಸನ್ನಿಧಿಯಲ್ಲಿ ಮಂಗಳವಾರ, ಶುಕ್ರವಾರ, ಭಾನುವಾರ ಜನಜಂಗುಳಿ. ನಂದಿಯಲ್ಲಿ ಶನಿವಾರ ಭಾನುವಾರ ಕಾಲಿಡಲು ಆಗಲ್ಲ. ಹಾಗಾಗಿ ಸೋಮವಾರ ತೆಂಕಣ ತುದಿಯ ಕಬ್ಬಾಳದಿಂದ ಶುರು, ಶುಕ್ರವಾರ ನಂದಿಯಲ್ಲಿ ಮುಕ್ತಾಯ. ದಿನಕ್ಕೆ ಎರಡೇ ಬೆಟ್ಟ: ಕಷ್ಟದ್ದು ಬೆಳಕು ಹರಿಯುವಾಗ, ಸುಲಭದ್ದು ಮೂರು ಗಂಟೆ ಮೇಲೆ. ನಡುವಿನ ಬಿಸಿಲಿನಲ್ಲಿ ಗಾಡಿ ಓಡಿಸುವುದು, ಊಟ, ಮರದ ಕೆಳಗೆ ಒಂದು ನಿದ್ದೆ.

ಇನ್ನು ಕಾಲು ಮುರಿದರೆ ಗತಿಯೇನು ಅನ್ನುವ ಪ್ರಶ್ನೆ. ಫೋನ್ ನಂಬಿ ಹೋಗುವುದು ನನಗೆ ಸರಿ ಬರಲಿಲ್ಲ, ಬೆಟ್ಟದ ಹಿಂಬದಿಗೆ ಹೋದರೆ ಸಿಗ್ನಲ್ ಎಲ್ಲಿರುತ್ತೆ? ನಾನು ಮಾಡಿದ್ದು ಸಾಲ. ಬುಡದಲ್ಲಿರುವ ಚಿಕ್ಕ ಹೋಟೆಲ್ ಅಥವಾ ಟೀ ಅಂಗಡಿಯಲ್ಲಿ ತಿಂಡಿ ತಿನ್ನುತ್ತೇನೆ, ದುಡ್ಡು ಕೊಡಲ್ಲ. "ಹತ್ತು ಗಂಟೆಗೆ ಇಳಿದು ಬರ್ತೀನಿ, ಆಗ ಕೊಡ್ತೀನಿ" ಅಂತ ಗಂಟೆ ಹೇಳಿ, ಹೆಲ್ಮೆಟ್ ಅವರ ಕೈಗೆ ಕೊಟ್ಟು ಹತ್ತುತ್ತೇನೆ. ಸುಮ್ನೆ ಹೇಳಿ ಹೋದರೆ ಅರ್ಧ ಗಂಟೆಗೆ ಮರೆತುಬಿಡುತ್ತಾರೆ. ಕಣ್ಣೆದುರು ಹೆಲ್ಮೆಟ್ ಕೂತಿದ್ದರೆ, ಮೂವತ್ತು ನಲವತ್ತು ರೂಪಾಯಿ ಬರಬೇಕಿದ್ದರೆ, ಮರೆಯಲ್ಲ. ಗೆಳೆಯರು ಇದನ್ನು ಕೇಳಿ ತಲೆ ಆಡಿಸಿದರು. ಅದರ ಬೆಲೆ ಏನು ಅಂತ ನನಗೆ ಗೊತ್ತಾಗಿದ್ದು ನಾಲ್ಕನೇ ದಿನ.

ಸೋಮವಾರ ನಾಲ್ಕು ಗಂಟೆಗೆ ಮನೆ ಬಿಟ್ಟು ಕನಕಪುರ, ಸಾತನೂರು ದಾಟಿ ಕಬ್ಬಾಳಿಗೆ. ಕಡಿದಾದ ಬೋಳು ಬಂಡೆ. ಮೈಸೂರು ಅರಸರ ಕಾಲದಲ್ಲಿ ಇದು ಸೆರೆಮನೆ. ಮೇಲಿನ ಪಾಳು ಗೋಡೆಗಳ ನಡುವೆ ನಿಂತಾಗ ಅದು ಯಾಕೆ ಅಂತ ತಾನೇ ತಿಳಿಯುತ್ತದೆ, ಬಾಗಿಲಿಗೆ ಕಾವಲೇ ಬೇಕಾಗಿಲ್ಲ. ಎಂಟೂವರೆಗೆ ಇಳಿದೆ. ಮಧ್ಯಾಹ್ನ ಹುಲಿಯೂರುದುರ್ಗ. ಬೋಗುಣಿ ಮಗುಚಿಟ್ಟ ಹಾಗಿರುವ ಆ ಗುಡ್ಡಕ್ಕೆ ಈ ಸಲ ಒಂದೂಕಾಲು ಗಂಟೆಯಲ್ಲಿ ಹತ್ತಿ ಇಳಿದೆ. ಎಲ್ಲಿಂದ ಹತ್ತಿದೆ ಅಂತ ಬರೆಯುವುದಿಲ್ಲ. ಆ ಜಾಡು ತೋರಿಸಿದ ಕುರಿಗಾಹಿ ಹಿರಿಯರು ಜನ ಜಾಸ್ತಿ ಬರುವುದು ಬೇಡ ಅಂದಿದ್ದಾರೆ, ಅವರ ಮಾತು ಉಳಿಸಬೇಕು. ಊರಲ್ಲಿ ಕೇಳಿದರೆ ಅವರೇ ಹೇಳಬಹುದು. ರಾತ್ರಿ ಮಾಗಡಿ.

ಮಂಗಳವಾರ ಸಾವನದುರ್ಗ, 1,226 ಮೀಟರ್. ಇಲ್ಲಿ ಮತ್ತು ಮಾಕಳಿಯಲ್ಲಿ ಅರಣ್ಯ ಇಲಾಖೆಯ ಟಿಕೆಟ್ ಮೊದಲೇ ತೆಗೆದಿಟ್ಟುಕೊಂಡಿದ್ದೆ. ಸೆಪ್ಟೆಂಬರ್‌ನಲ್ಲಿ ಜಾರಿದ ಜಾಗ ಹುಡುಕಿದೆ, ಆ ಪೊದೆ ಅಲ್ಲೇ ಇತ್ತು. ಒಂದು ನಿಮಿಷ ಅದರ ಪಕ್ಕ ಕೂತು ನೀರು ಕುಡಿದೆ. ಒಣಗಿದ ಬಂಡೆ ಮೇಲೆ ಶೂ ಕಚ್ಚಿಕೊಂಡು ಹಿಡಿಯುತ್ತಿತ್ತು. ತುದಿಯ ನಂದಿ ಮಂಟಪಕ್ಕೆ ಒಂದು ಗಂಟೆ ನಲವತ್ತು ನಿಮಿಷ. 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನಿಂದ ಅಕ್ಟೋಬರ್‌ನಲ್ಲಿ ನಂದಿದುರ್ಗ, ಡಿಸೆಂಬರ್‌ನಲ್ಲಿ ಸಾವನದುರ್ಗ ಕಿತ್ತುಕೊಂಡಿತು. ಈ ಬಂಡೆಯ ಬುಡಕ್ಕೆ ಫಿರಂಗಿ ಎಳೆದು ತಂದವರ ಎತ್ತುಗಳ ಪಾಡು ನೆನೆಸಿಕೊಂಡೆ.

ಶೂ ಬಗ್ಗೆ ಒಂದು ಮಾತು. ಮೊದಲ ಸಲ 3,200 ಕೊಟ್ಟು ಟ್ರೆಕ್ಕಿಂಗ್ ಶೂ ತಂದಿದ್ದೆ. ಅದರ ಗಟ್ಟಿ ಅಟ್ಟೆ ಮಣ್ಣಿಗೆ ಸರಿ, ನಮ್ಮ ಬೋಳು ಬಂಡೆಗೆ ಅಲ್ಲ. ಆಮೇಲೆ ಹಳೇ ಟ್ಯೂಬಿನ ಪಟ್ಟಿ ಕತ್ತರಿಸಿ ಶೂಗೆ ಸುತ್ತಿ ನೋಡಿದೆ. ಒಣ ಬಂಡೆ ಮೇಲೆ ಒಳ್ಳೇ ಹಿಡಿತ, ಒದ್ದೆ ಬಂಡೆಗೆ ಇನ್ನೂ ಕೆಟ್ಟದು, ಮೇಲಾಗಿ ಅರ್ಧ ಗಂಟೆಗೆ ಉರುಳಿ ಪಕ್ಕಕ್ಕೆ ಬರುತ್ತದೆ. ಬರಿಗಾಲಲ್ಲೂ ಹತ್ತಿದೆ. ಹತ್ತುವಾಗ ಅದೇ ಎಲ್ಲಕ್ಕಿಂತ ಚೆನ್ನ, ಇಳಿಯುವಾಗ ಹಿಮ್ಮಡಿ ಸೀಳುತ್ತದೆ. ಕೊನೆಗೆ ನಿಂತಿದ್ದು ಶಾಲೆ ಮಕ್ಕಳು ಹಾಕುವ 350 ರೂಪಾಯಿಯ ಕ್ಯಾನ್ವಾಸ್ ಶೂ. ಒಂಬತ್ತೂ ಬೆಟ್ಟ ಅದರಲ್ಲೇ.

ಮಂಗಳವಾರ ಸಂಜೆಯ ಹುತ್ರಿದುರ್ಗ ನನಗೆ ಎಲ್ಲಕ್ಕಿಂತ ಇಷ್ಟ. ಹತ್ತುವುದು ಸುಲಭ, ನೋಡುವುದು ಮುಗಿಯಲ್ಲ. ಕೆಂಪೇಗೌಡರ ಕೋಟೆ, ಒಂದು ಬಾಗಿಲು ದಾಟಿದರೆ ಇನ್ನೊಂದು. ಒಂದು ಬಾಗಿಲ ಹತ್ತಿರ ಅರ್ಧ ಗಂಟೆ ಕೂತೆ. ಹೊಸ್ತಿಲ ಕಲ್ಲಿನ ಮೂಲೆಯಲ್ಲಿ ಕದದ ತಿರುಗುಣಿ ಕೂರುವ ಕುಳಿ ಇದೆ. ಬೆರಳಿಟ್ಟರೆ ಒಳಗೆ ಗಾಜಿನ ಹಾಗೆ ನುಣುಪು, ಸುತ್ತಲಿನ ಕಲ್ಲು ಮಾತ್ರ ಒರಟು. ಎಷ್ಟು ಬೆಳಗು, ಎಷ್ಟು ಸಂಜೆ ಆ ಕದ ತಿರುಗಿರಬೇಕು! ಪಕ್ಕದ ಬಂಡೆಯಲ್ಲಿ ಉಳಿ ಹೊಡೆದು ಸಾಲಾಗಿ ಮಾಡಿದ ಚಿಕ್ಕ ಚಿಕ್ಕ ಗೂಡು, ನಾಲ್ಕು ಬೆರಳಿಗೊಂದು. ಅರ್ಧ ಬಂಡೆ ಸೀಳಿ ಹೋಗಿದೆ, ಇನ್ನರ್ಧ ಹಾಗೇ ಉಳಿದಿದೆ. ಅಂದರೆ ಕೋಟೆಯ ಕಲ್ಲು ಅಲ್ಲಿಂದಲೇ ಎದ್ದದ್ದು, ಕೆಳಗಿನಿಂದ ಹೊತ್ತಿದ್ದಲ್ಲ. ತುದಿಯ ಶಂಕರೇಶ್ವರನಿಗೆ ಕೈಮುಗಿದು ಇಳಿಯುವಾಗ ಕತ್ತಲಾಗುತ್ತಿತ್ತು. ಗೋಡೆಗಳ ಮೇಲೆ ಇತ್ತೀಚೆಗೆ ಬಂದವರು ಬಣ್ಣದಲ್ಲಿ ಹೆಸರು ಗೀಚಿದ್ದಾರೆ. ಹೊಟ್ಟೆ ಉರಿಯುತ್ತದೆ. ದಯವಿಟ್ಟು ಮಾಡಬೇಡಿ.

ಬುಧವಾರ ಭೈರವದುರ್ಗಕ್ಕೆ ಹೋಗುವ ದಾರಿಯಲ್ಲಿ ಮುಂದಿನ ಚಕ್ರ ಪಂಕ್ಚರ್, ಮತ್ತೆ ಜಾಲಿ ಮುಳ್ಳು. ಈ ಸಲ ಹೊಸ ಟ್ಯೂಬ್ ಎರಡು, ಟಯರ್ ಬಿಚ್ಚುವ ಲಿವರ್, ಕೈಪಂಪು, ಚೈನ್ ಲಾಕ್ ಎರಡು ಇದ್ದವು. 35 ನಿಮಿಷಕ್ಕೆ ಮತ್ತೆ ರಸ್ತೆಗೆ. ಹಿಂದಿನ ಚಕ್ರಕ್ಕೆ ಐದೂ ದಿನ ಒಂದು ಮುಳ್ಳೂ ತಾಗಲಿಲ್ಲ. ಟಯರಿಗೂ ಟ್ಯೂಬಿಗೂ ನಡುವೆ ಒಂದು ವಸ್ತು ಹಾಕಿದ್ದೇನೆ. ಏನು ಅಂತ ಈಗ ಹೇಳಲ್ಲ, ಇನ್ನೂ ಎರಡು ಸಾವಿರ ಕಿಲೋಮೀಟರ್ ಓಡಲಿ. ಭೈರವದುರ್ಗ ಒಂದು ಗಂಟೆಯ ಕೆಲಸ. ಮಧ್ಯಾಹ್ನ ದೇವರಾಯನದುರ್ಗ. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ, ಚಿಕ್ಕದೇವರಾಜ ಒಡೆಯರ ಹೆಸರು ಹೊತ್ತ ಬೆಟ್ಟ. ರಸ್ತೆ ಮೇಲಿನವರೆಗೂ ಇದೆ, ಗಾಡಿ ಎರಡನೇ ಗೇರಿನಲ್ಲಿ ಗೊಣಗದೆ ಹತ್ತಿತು. ಕೋತಿಗಳು ಸೀಟ್ ಕವರ್ ಹರಿದು ಕಡ್ಲೆಕಾಯಿ ಪೊಟ್ಟಣ ಹೊತ್ತೊಯ್ದವು. ಅಲ್ಲಿ ಗಾಡಿ ಮೇಲೆ ಏನೂ ಬಿಡಬೇಡಿ.

ಗುರುವಾರ ಚನ್ನರಾಯನದುರ್ಗ. ಕೊರಟಗೆರೆಯಲ್ಲಿ ರಾತ್ರಿ ಉಳಿದು ಐದೂವರೆಗೆ ಹೊರಟೆ. ದಾರಿಯ ಒಂದು ಗುಡಿಸಲು ಹೋಟೆಲಿನಲ್ಲಿ ಅಜ್ಜಿಯೊಬ್ಬರು ಇಡ್ಲಿ ಹಾಕುತ್ತಿದ್ದರು. ನಾಲ್ಕು ಇಡ್ಲಿ, ಟೀ, 40 ರೂಪಾಯಿ ಸಾಲ, ಹೆಲ್ಮೆಟ್ ಅಡ. "ಹತ್ತಕ್ಕೆ ಬರ್ತೀನಿ ಅಜ್ಜಿ." "ಆಯ್ತು ಹೋಗ್ಬಾ ಮಗಾ."

ಸುತ್ತಿನ ಮೇಲೆ ಸುತ್ತು ಕೋಟೆ ಗೋಡೆ, ದೊಣೆಗಳು, ಮುರಿದ ಮನೆಗಳು. ಎಂಟಕ್ಕೆ ಮೇಲಿದ್ದೆ. ಇಳಿಯಲು ತಿರುಗಿದಾಗ ಹದ್ದೊಂದು ಬಂಡೆಯ ಅಂಚಿಗೆ ಬಡಿದು ಹಾರಿತು. ಅಲ್ಲಿ ಹೆಜ್ಜೇನು ಕಟ್ಟಿದ್ದನ್ನು ನಾನು ನೋಡಿರಲಿಲ್ಲ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ದೂರದ ಮೋಟಾರಿನ ಹಾಗೆ ಸದ್ದು, ಆಕಾಶದಲ್ಲಿ ಕರೀ ಮೋಡ. ಓಡಲು ಬಂಡೆ ಬಿಡಲ್ಲ. ಹತ್ತು ಹೆಜ್ಜೆ ದೂರದಲ್ಲಿ ಪಾಳು ಬಿದ್ದ ಒಂದು ಕತ್ತಲೆ ಕೋಣೆ ಇತ್ತು. ಒಳಗೆ ನುಗ್ಗಿ ಮೂಲೆಯಲ್ಲಿ ಮುದುರಿ ಕೂತು, ರೇನ್‌ಕೋಟ್ ತಲೆ ಮೇಲಿಂದ ಹೊದ್ದು ಅಂಚನ್ನು ಕಾಲ ಕೆಳಗೆ ಸಿಕ್ಕಿಸಿದೆ. ಅಷ್ಟರಲ್ಲಿ ಕತ್ತು, ಕಿವಿ, ಕೈ ಸೇರಿ ಆರೇಳು ಕಡೆ ಕಚ್ಚಿದ್ದವು. ಬಾವಲಿ ಹಿಕ್ಕೆಯ ನಾತ. ರೇನ್‌ಕೋಟಿನ ಮೇಲೆ ಹುಳುಗಳು ಟಪ್ ಟಪ್ ಬೀಳುವ ಸದ್ದು. ಕೈ ಊದಿ ಗಡಿಯಾರದ ಪಟ್ಟಿ ಬಿಗಿಯಾಗುತ್ತಾ ಬಂತು, ಮೆಲ್ಲಗೆ ಬಿಚ್ಚಿ ಜೇಬಿಗೆ ಹಾಕಿದೆ. ಫೋನಿನಲ್ಲಿ ಒಂದು ಗೀಟೂ ಇಲ್ಲ. ಹೊರಗೆ ಇಣುಕಿದಾಗಲೆಲ್ಲ ಸದ್ದು ಮತ್ತೆ ಏರುತ್ತಿತ್ತು. ನಿಜವಾಗಲೂ ಹೆದರಿದ್ದೆ.

ಹನ್ನೆರಡಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ಕೆಳಗಿನಿಂದ ಕೂಗು ಕೇಳಿತು. "ಅಣ್ಣಾ! ಹೆಲ್ಮೆಟ್ ಅಣ್ಣಾ!" ಅಜ್ಜಿಯ ಮೊಮ್ಮಗ, ಜೊತೆಗೆ ಇನ್ನೊಬ್ಬ ಹುಡುಗ. ಹುಳು ಎದ್ದಿದ್ದು ಕಂಡು ಅವರು ಹತ್ತಿರ ಬರದೆ, ಗೋಡೆಯ ಆಚೆ ಬದಿಯಿಂದ ಬೇರೆ ಇಳಿಜಾರು ಇದೆ ಅಂತ ಕೂಗಿ ದಾರಿ ಹೇಳಿದರು. ಹಿಂಬದಿಯ ಕಲ್ಲು ಬಿದ್ದ ಕಿಂಡಿಯಿಂದ ತೆವಳಿ ಆಚೆ ಬಂದೆ. ಆ ಇಳಿಜಾರು ನನಗೆ ಒಬ್ಬನಿಗೆ ಯಾವತ್ತೂ ಸಿಗುತ್ತಿರಲಿಲ್ಲ.

"ಹತ್ತಕ್ಕೆ ಬರ್ತೀನಿ ಅಂದೋನು ಹನ್ನೊಂದಾದ್ರೂ ಬರ್ಲಿಲ್ಲ, ಅದ್ಕೇ ಹುಡುಗ್ರನ್ನ ಅಟ್ಟಿದೆ" ಅಂದರು ಅಜ್ಜಿ. ಮುಳ್ಳು ಕಿತ್ತು ಸುಣ್ಣ ಹಚ್ಚಿದರು. ಹುಡುಗರಿಗೆ ಇನ್ನೂರು ಕೊಡಹೋದರೆ ಅವರು ಬೇಡವೇ ಬೇಡ ಅಂದರು. ಇಡ್ಲಿಯ 40 ಮಾತ್ರ ಅಜ್ಜಿ ಎಣಿಸಿ ತೆಗೆದುಕೊಂಡರು. ಕೊರಟಗೆರೆಗೆ ಹೋಗಿ ಒಂದು ಇಂಜೆಕ್ಷನ್ ಹಾಕಿಸಿಕೊಂಡೆ. ಅಲರ್ಜಿ ಇರುವವರಾದರೆ ಇಷ್ಟಕ್ಕೇ ಜೀವ ಹೋಗಬಹುದು ಅಂದರು ಡಾಕ್ಟರ್.

ಅಲ್ಲಿಗೇ ನಿಲ್ಲಿಸಬಹುದಿತ್ತು. ಕೈ ಊದಿದ್ದರೂ ಕ್ಲಚ್ ಹಿಡಿಯಲು ಆಗುತ್ತಿತ್ತು, ಮಾಕಳಿಯ ಟಿಕೆಟ್ ಕೈಯಲ್ಲಿತ್ತು. ನಾಲ್ಕರ ಹೊತ್ತಿಗೆ ಬುಡದಲ್ಲಿದ್ದೆ. ನಿಧಾನಕ್ಕೆ ಹತ್ತಿದೆ. ಮೇಲಿನ ನಂದಿಯ ಪಕ್ಕ ಕೂತು ಕೆಳಗೆ ನೋಡಿದರೆ ಗೌರಿಬಿದನೂರು ಕಡೆಯಿಂದ ಬರುವ ರೈಲು ತಿರುವಿನಲ್ಲಿ ಹುಳುವಿನ ಹಾಗೆ ಬಳುಕುತ್ತಿತ್ತು. ಶುಕ್ರವಾರ ಬೆಳಗ್ಗೆ ನಂದಿ, 1,478 ಮೀಟರ್, ರಸ್ತೆ ಖಾಲಿ, ಮಂಜು. ಕೋಟೆ ಗೋಡೆ ಸುತ್ತಿ ಹನ್ನೊಂದೂವರೆಗೆ ಮನೆ.

ಖರ್ಚು ನೆನಪಿದ್ದಷ್ಟು: 500 ಕಿ.ಮೀ. ಮೇಲೆ ಓಡಿದೆ, ಪೆಟ್ರೋಲ್ 850. ನಾಲ್ಕು ರಾತ್ರಿಯ ರೂಮು 2,200. ಊಟ ತಿಂಡಿ 1,300. ಟಿಕೆಟ್ಟುಗಳು ಆರೇಳು ನೂರು. ಟ್ಯೂಬ್, ಲಾಕ್ 350. ಒಟ್ಟು 5,300 ಆಸುಪಾಸು, ಇಂಜೆಕ್ಷನ್ ಬಿಟ್ಟು. ನಮ್ಮ ಗುಂಪು ಹೋದ ವರ್ಷ ದೊಡ್ಡ ಬೈಕುಗಳಲ್ಲಿ ನಾಲ್ಕೇ ದುರ್ಗ ನೋಡಲು ತಲೆಗೆ 9,000 ಸುರಿದಿತ್ತು.

ಕಾಲು ಮುರ್ಕೊಂಡ್ರೆ ಅಂದಿದ್ದ ಗೆಳೆಯ ಈಗ ತಾನೂ ಬರುತ್ತೇನೆ ಅನ್ನುತ್ತಿದ್ದಾನೆ. ಅವನನ್ನು ಮೊದಲು ಚನ್ನರಾಯನದುರ್ಗಕ್ಕೇ ಕರೆದೊಯ್ಯುತ್ತೇನೆ. ಅಜ್ಜಿಯ ಮೊಮ್ಮಗನಿಗೆ ಫೋನ್ ಮಾಡಿ ಈ ಸಲ ಎರಡು ಹೆಲ್ಮೆಟ್ ಬರುತ್ತೆ ಅಂತ ಹೇಳಿಟ್ಟಿದ್ದೇನೆ.