ಕಲಬುರಗಿ ಬಿಸಿಲಲ್ಲಿ ಹಳೆ ಬಿಎಂಡಬ್ಲ್ಯು, ಬೆಂಜ್, ಆಡಿ: ಕಿಲೋಮೀಟರಿಗೆ ಬಿದ್ದದ್ದೆಷ್ಟು

"ಸೆಕೆಂಡ್ ಹ್ಯಾಂಡ್ ಬೆಂಜ್ ತಗೊಂಡ್ರ ಆನಿ ಸಾಕಿದಂಗ ಆಗ್ತದ ನೋಡ್ರಿ." ನೆಹರು ಗಂಜ್‌ನಿಂದ ಸೂಪರ್ ಮಾರ್ಕೆಟ್ ತನಕ ಇದೇ ಮಾತು. ಮೂರು ಗಾಡಿ ಸೇರಿ 1 ಲಕ್ಷ 9 ಸಾವಿರ ಕಿ.ಮೀ. ಆಸುಪಾಸು ಓಡಿದ ಮೇಲೆ ವಹಿ ಮುಂದಿಟ್ಟುಕೊಂಡು ಹೇಳುತ್ತಿದ್ದೇನೆ: ಆನೆಯ ಲೆಕ್ಕ ಬಂದಿದ್ದು ಒಂದಕ್ಕೆ ಮಾತ್ರ. ಉಳಿದೆರಡು ಎಮ್ಮೆ.

ಮೊದಲು ಅಂಕಿ, ಎಲ್ಲವೂ ಕಿ.ಮೀ.ಗೆ ಇಷ್ಟು ರೂಪಾಯಿ ಅಂತ. ಡೀಸೆಲ್ ಲೀಟರಿಗೆ 90 ಅಂತ ಹಿಡಿದಿದ್ದೇನೆ. 2016ರ ಬಿಎಂಡಬ್ಲ್ಯು 320ಡಿ, ಬಿ47 ಇಂಜಿನ್, 42 ಸಾವಿರ ಕಿ.ಮೀ.: ಡೀಸೆಲ್ 6, ಸರ್ವಿಸ್, ರಿಪೇರಿ, ಟೈರ್ ಸೇರಿ 6.4, ವಿಮೆ 2.5, ಕೊಂಡ ಬೆಲೆಯಲ್ಲಿ ಕರಗಿದ್ದು 8.3. ಒಟ್ಟು 23 ರೂಪಾಯಿ. 2014ರ ಬೆಂಜ್ ಇ250 ಸಿಡಿಐ, 36 ಸಾವಿರ ಕಿ.ಮೀ.: ಒಟ್ಟು 27. 2013ರ ಆಡಿ ಎ6 2.0 ಟಿಡಿಐ, 31 ಸಾವಿರ: ಒಟ್ಟು 40. ಕೊಳ್ಳುವಾಗ ಮೂರರಲ್ಲಿ ಅಗ್ಗದ್ದು ಎ6, 11 ಲಕ್ಷ. ಅದರ ರಿಪೇರಿಗೆ ಹೋದ 4.8 ಲಕ್ಷದಲ್ಲಿ ಒಂದೂವರೆ ಲಕ್ಷ ನನ್ನ ಸ್ವಂತ ತಪ್ಪಿನ ರೊಕ್ಕ, ಅದನ್ನು ಕಳೆದು ಓದಿಕೊಳ್ಳಿ. ಕಳೆದರೂ 35. ಬಹಳ ಮಂದಿ ಬೆಲೆ ಕರಗುವುದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದಕ್ಕೇ ಅಗ್ಗದ ಗಾಡಿ ಅಗ್ಗ ಅನ್ನಿಸುತ್ತದೆ.

ಕೊಳ್ಳುವಾಗಿನ ನಿಯಮ ಒಂದೇ: ಕೆಎ ನಂಬರ್. ಅಲ್ಲಿ ಡೀಸೆಲ್ ಗಾಡಿಗೆ 10 ವರ್ಷದ ಮಿತಿ ಇದ್ದುದರಿಂದ ದೆಹಲಿ ಗಾಡಿ ಮೂರ್ನಾಲ್ಕು ಲಕ್ಷ ಕಡಿಮೆಗೆ ಸಿಗುತ್ತಿತ್ತು. ಆದರೆ ಇಲ್ಲಿ ತೆರಿಗೆ ಹಾಕುವುದು ನೀವು ಕೊಟ್ಟ ಬೆಲೆಗಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಗೆ. 20 ಲಕ್ಷ ಮೇಲ್ಪಟ್ಟದ್ದಕ್ಕೆ 18 ಪರ್ಸೆಂಟ್, ವಯಸ್ಸಿಗೆ ತಕ್ಕಂತೆ ಇಳಿಕೆ. 50 ಲಕ್ಷದ ಗಾಡಿ ಒಂಬತ್ತು ವರ್ಷದ್ದಾದರೂ ನಾಲ್ಕರಿಂದ ಐದು ಲಕ್ಷ ಕಟ್ಟಬೇಕು. ಉಳಿಸಿದ್ದೆಲ್ಲ ಆರ್‌ಟಿಒ ಕೌಂಟರಿನಲ್ಲೇ ಕರಗುತ್ತದೆ.

ಓಡಿದ ಕಿಲೋಮೀಟರ್ ನೋಡಲು ಮೀಟರ್ ನಂಬಬೇಡಿ. ಬಿಎಂಡಬ್ಲ್ಯು ಕೀ ಒಳಗೇ ಓಟದ ಅಂಕಿ ಉಳಿದಿರುತ್ತದೆ, ಎರಡೂ ಕೀ ಓದಿಸಿ. ಆಡಿಯಲ್ಲಿ ವಿಸಿಡಿಎಸ್ (ಗಾಡಿಯ ಕಂಪ್ಯೂಟರ್ ಓದುವ ಸಾಫ್ಟ್‌ವೇರ್) ಹಾಕಿ, ಹಳೇ ಫಾಲ್ಟ್ ಯಾವ ಕಿಲೋಮೀಟರಿನಲ್ಲಿ ಬಿದ್ದಿದೆ ನೋಡಿ. ಮೀಟರಿನಲ್ಲಿ 62 ಸಾವಿರ ಇದ್ದು ಫಾಲ್ಟ್ 94 ಸಾವಿರದ್ದಿದ್ದರೆ ನಮಸ್ಕಾರ ಹೇಳಿ ಹೊರಡಿ. ಬೆಂಜ್‌ಗೆ ಇನ್ನೊಂದು ಜಾಗವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯಿಂದ ಏಜೆಂಟರು ಅದನ್ನೂ ತಿದ್ದಿಸುತ್ತಾರೆ.

320ಡಿ ಬೇಕಿದ್ದರೆ 2016ರ ಈಚಿನದು. ಅದಕ್ಕೂ ಹಿಂದಿನ ಎನ್47 ಇಂಜಿನ್ನಿನಲ್ಲಿ ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಸರಪಳಿ) ಸವೆಯುವುದು ಜಗತ್ತಿಗೇ ಗೊತ್ತಿರುವ ವಿಷಯ. ಚೈನ್ ಇರುವುದು ಗೇರ್‌ಬಾಕ್ಸ್ ಕಡೆ, ಬದಲಿಸಲು ಗೇರ್‌ಬಾಕ್ಸ್ ಅಥವಾ ಇಂಜಿನ್ ಇಳಿಸಲೇಬೇಕು, ಹೊರಗಿನ ಗ್ಯಾರೇಜಿನಲ್ಲೂ ಲಕ್ಷದ ಮೇಲೆ. ಮುಂಜಾನೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ 1,500ರಿಂದ 2,000 ಆರ್‌ಪಿಎಂನಲ್ಲಿ ಹಿಂಬದಿಯಿಂದ ಕೆರೆದಂಥ ಸದ್ದು ಬಂದರೆ ಚೌಕಾಶಿಗೂ ನಿಲ್ಲಬೇಡಿ.

ಇನ್ನು ಗೇರ್‌ಬಾಕ್ಸ್ ಆಯಿಲ್. ನಮ್ಮೂರಲ್ಲಿ ಹೆಚ್ಚು ಜನ ಕೆಟ್ಟಿರುವುದು ಇಲ್ಲೇ. ಬಿಎಂಡಬ್ಲ್ಯು 'ಲೈಫ್‌ಟೈಮ್', ಬದಲಿಸುವುದೇ ಬೇಡ ಅನ್ನುತ್ತದೆ. ಗೇರ್‌ಬಾಕ್ಸ್ ತಯಾರಿಸುವ ಜಡ್‌ಎಫ್ ಮಾತ್ರ 80 ಸಾವಿರದಿಂದ 1.2 ಲಕ್ಷ ಕಿ.ಮೀ. ಒಳಗೆ ಬದಲಿಸಿ ಅನ್ನುತ್ತದೆ. 320ಡಿಯ 8ಎಚ್‌ಪಿ ಗೇರ್‌ಬಾಕ್ಸಿನಲ್ಲಿ ಫಿಲ್ಟರ್ ಪ್ಲಾಸ್ಟಿಕ್ ಪ್ಯಾನ್‌ಗೇ ಸೇರಿಕೊಂಡಿದೆ, ಪ್ಯಾನ್ ಪೂರ್ತಿ ಹೊಸದು ಹಾಕಬೇಕು. ಸಾಮಾನು, ಕೂಲಿ ಸೇರಿ ನನಗೆ 30 ಸಾವಿರ ಚಿಲ್ಲರೆ. ಎಲ್ಲ ಸರಿ, ಆದರೆ ಲೆವೆಲ್ ನೋಡಬೇಕಾದದ್ದು ಆಯಿಲ್ 30ರಿಂದ 50 ಡಿಗ್ರಿ ಒಳಗಿದ್ದಾಗ, ಇಂಜಿನ್ ಚಾಲೂ ಇಟ್ಟು, ಹೆಚ್ಚಾದದ್ದು ಬೋಲ್ಟ್ ತೂತಿನಿಂದ ಸುರಿಯಲು ಬಿಟ್ಟು. ಬೆಂಜ್‌ನ 722.9 ಗೇರ್‌ಬಾಕ್ಸಿಗೆ 45 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ಇಲ್ಲಿ ನಿಂತ ಗಾಡಿಯ ಆಯಿಲೇ 43 ಇರುತ್ತದೆ! ಗೇರ್ ಒಂದೊಂದಾಗಿ ಹಾಕಿ ತೆಗೆಯುವಷ್ಟರಲ್ಲಿ 55 ದಾಟುತ್ತದೆ. ಬಿಸಿ ಆಯಿಲ್ ಉಬ್ಬಿ ಹೆಚ್ಚು ಹೊರಗೆ ಸುರಿಯುತ್ತದೆ, ಮಿಸ್ತ್ರಿ ಲೆವೆಲ್ ಆಯಿತೆಂದು ಬೋಲ್ಟ್ ಬಿಗಿಯುತ್ತಾನೆ, ತಣ್ಣಗಾದ ಮೇಲೆ ಆಯಿಲ್ ಕಮ್ಮಿ. ರಿವರ್ಸ್ ಹಾಕಿದರೆ ಎರಡು ಸೆಕೆಂಡ್ ತಡ, ಒಂದರಿಂದ ಎರಡಕ್ಕೆ ಹೋಗುವಾಗ ಜಟಕಾ. ನನ್ನ 320ಡಿಗೆ ಹೀಗೇ ಆಗಿ, ಗೇರ್‌ಬಾಕ್ಸ್ ಹೋಯಿತೆಂದು ಎರಡೂವರೆ ಲಕ್ಷದ ಎಸ್ಟಿಮೇಟ್ ಕೈಗೆ ಬಂತು. ಮರುದಿನ ಬೆಳಗಿನ ಐದೂವರೆಗೆ 36 ಡಿಗ್ರಿಯಲ್ಲಿ ಮತ್ತೆ ತುಂಬಿದೆ, 600 ಎಂಎಲ್ ಕುಡಿಯಿತು, ಜಟಕಾ ಮಾಯ. ಈ ಕೆಲಸ ಡಿಸೆಂಬರಿನಲ್ಲಿ ಮಾಡಿಸಿ; ಬೇಸಿಗೆಯಲ್ಲೇ ಆಗಬೇಕಿದ್ದರೆ ಸೂರ್ಯ ಹುಟ್ಟುವ ಮೊದಲು.

ಎರಡನೇ ಶತ್ರು ಧೂಳು. ವಾಡಿ, ಸೇಡಂ, ಚಿತ್ತಾಪುರ ಕಡೆ ಓಡಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ: ಸಿಮೆಂಟ್ ಮತ್ತು ಫರ್ಸಿ ಕಲ್ಲಿನ ಪುಡಿ. ಕಂಡೆನ್ಸರ್ (ಎಸಿಯ ಬಿಸಿ ಹೊರಹಾಕುವ ಭಾಗ) ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಅದು ರೊಟ್ಟಿಯಂತೆ ಕೂರುತ್ತದೆ, ಏಪ್ರಿಲ್‌ನಲ್ಲಿ ಎಸಿ ಸೋಲುತ್ತದೆ. ಗ್ಯಾಸ್ ತುಂಬಿಸಿದರೆ ಪ್ರಯೋಜನವಿಲ್ಲ. ಮುಂದಿನಿಂದ ನೀರು ಹೊಡೆದದ್ದು ನನ್ನ ದೊಡ್ಡ ತಪ್ಪು. ಸಿಮೆಂಟಿಗೆ ನೀರು ಬಿದ್ದರೆ ಏನಾಗುತ್ತದೋ ಅದೇ ಆಯಿತು. ಇ250ರ ಕಂಡೆನ್ಸರ್ ಹೊಸದು ಹಾಕಬೇಕಾಯಿತು, 19 ಸಾವಿರ. ಸರಿಯಾದ ಕ್ರಮ: ಫ್ಯಾನ್ ಬಿಚ್ಚಿ, ಇಂಜಿನ್ ಕಡೆಯಿಂದ ಹೊರಮುಖವಾಗಿ ಬರೀ ಒಣ ಗಾಳಿ, ಹತ್ತು ನಿಮಿಷ. ಧೂಳು ಬರುವುದು ನಿಂತ ಮೇಲೆ ಕಡಿಮೆ ಒತ್ತಡದ ನೀರು, ಅದೂ ಒಳಗಿನಿಂದಲೇ. ವರ್ಷಕ್ಕೊಮ್ಮೆ, ಮಾರ್ಚ್ ಮೊದಲ ವಾರ, 2,500 ರೂಪಾಯಿ. ಏರ್ ಫಿಲ್ಟರ್ 8 ಸಾವಿರ ಕಿ.ಮೀ.ಗೆ, ಇಂಜಿನ್ ಆಯಿಲ್ 8ರಿಂದ 10 ಸಾವಿರ ಕಿ.ಮೀ.ಗೆ ಬದಲಿಸಿ. ಪುಸ್ತಕದಲ್ಲಿರುವ ಅವಧಿ ಯುರೋಪಿನ ಹವೆಗೆ ಬರೆದದ್ದು. ಕೂಲಂಟ್‌ಗೆ ಬೋರ್‌ವೆಲ್ ನೀರು ಒಂದು ಲೋಟವೂ ಬೇಡ, ನಮ್ಮ ನೀರಿನ ಸುಣ್ಣ ಕೊಡದ ತಳದಲ್ಲೇ ಕಾಣುತ್ತದೆ.

ಆಡಿಯ ಕಥೆ ಮುಂದಿನ ಚಕ್ರಗಳನ್ನು ಗಾಡಿಗೆ ಹಿಡಿದಿಡುವ ಸಸ್ಪೆನ್ಷನ್ ಆರ್ಮ್‌ಗಳದ್ದು. ಒಂದು ಕಡೆ ನಾಲ್ಕು, ಒಟ್ಟು ಎಂಟು. ನಮ್ಮ ಹಂಪ್, ಗುಂಡಿಗಳಿಗೆ ಆರ್ಮ್ ತುದಿಯ ರಬ್ಬರ್ ಬುಷ್ ಬೇಗ ಹರಿಯುತ್ತದೆ. ಅಗ್ಗದ ಸೆಟ್ 22 ಸಾವಿರಕ್ಕೆ ತಂದೆ, 9 ಸಾವಿರ ಕಿ.ಮೀ.ಗೆ ಮತ್ತೆ ಕಟಕಟ. ಸಾಮಾನಿನದಷ್ಟೇ ತಪ್ಪಲ್ಲ. ಗಾಡಿ ಲಿಫ್ಟ್ ಮೇಲೆ ನೇತಾಡುವಾಗಲೇ ಬುಷ್ ಬೋಲ್ಟ್ ಬಿಗಿದಿದ್ದೆವು. ಕೆಳಗಿಳಿಸಿದ ಕೂಡಲೇ ರಬ್ಬರ್ ಹಗ್ಗದಂತೆ ತಿರುಚಿಕೊಳ್ಳುತ್ತದೆ, ಪ್ರತಿ ಗುಂಡಿಗೂ ಅಷ್ಟಷ್ಟು ಹರಿಯುತ್ತದೆ. ಬೋಲ್ಟ್ ಕೈಯಿಂದ ಹಾಕಿ, ಚಕ್ರದ ಕೆಳಗೆ ಜ್ಯಾಕ್ ಕೊಟ್ಟು ಗಾಡಿ ನಿಲ್ಲುವ ಎತ್ತರಕ್ಕೆ ತಂದು ಆಮೇಲೆ ಟಾರ್ಕ್ ಕೊಟ್ಟು ಪೂರ್ತಿ ಬಿಗಿಯಬೇಕು. ಲೆಮ್‌ಫೋರ್ಡರ್ ಕಂಪನಿಯ ಸೆಟ್ 65 ಸಾವಿರ ಆಯಿತು, ಗಾಡಿ ಮಾರುವ ತನಕ ಸದ್ದಿಲ್ಲ. ಮೇಲಿನ ಎರಡು ಆರ್ಮ್ ಹಿಡಿದಿರುವ ಪಿಂಚ್ ಬೋಲ್ಟ್ ಅಲ್ಯುಮಿನಿಯಂ ನಕಲ್‌ನಲ್ಲಿ (ಚಕ್ರ ಹಿಡಿದಿರುವ ಭಾಗ) ಕಚ್ಚಿಕೊಂಡಿರುತ್ತದೆ, ಮುಂಬೈ ಗಾಡಿಯಾದರೆ ಖಚಿತ. ಸುತ್ತಿಗೆಯಿಂದ ಹೊಡೆದರೆ ಬೋಲ್ಟಿನ ತುದಿ ಅಣಬೆಯಾಗಿ ನಕಲ್ ಹೋಗುತ್ತದೆ. ಎರಡು ದಿನ ಮೊದಲೇ ಎಣ್ಣೆ ಬಿಡಿ, ಬಿಸಿ ಮಾಡಿ, ಹೊಡೆಯುವ ಬದಲು ಎರಡೂ ಕಡೆ ತಿರುಗಿಸುತ್ತಾ ಸಡಿಲಿಸಿ. ಇದರ ಮೇಲೆ ಒಂದು ಉಪಾಯ ಉಂಟು, ಅದು ಕಲಿಸಿದ ಮಿಸ್ತ್ರಿಯ ಸ್ವತ್ತು.

ಎಮ್ಮೆಗಳಲ್ಲಿ ನೆಮ್ಮದಿಯ ಎಮ್ಮೆ ಇ250. ಅದರ ಒಎಂ651 ಇಂಜಿನ್ನಿನ ಟೈಮಿಂಗ್ ಚೈನೂ ಹಿಂದೆಯೇ ಇದೆ, ಆದರೆ 6.5 ಲೀಟರ್ ಆಯಿಲ್ ಹೊತ್ತಿಗೆ ಬದಲಿಸಿದರೆ ತಂಟೆ ಇಲ್ಲ. ಹುಮನಾಬಾದ್, ಜಹೀರಾಬಾದ್ ಮೇಲೆ ಹೈದರಾಬಾದಿಗೆ 220 ಕಿ.ಮೀ., ಲೀಟರಿಗೆ 15 ಕೊಟ್ಟಿದೆ. 320ಡಿಗಿಂತ ಕಿ.ಮೀ.ಗೆ 4 ರೂಪಾಯಿ ಹೆಚ್ಚು ಕೊಟ್ಟರೂ ಹಿಂದೆ ಕೂರುವವರಿದ್ದರೆ ನನ್ನ ಓಟು ಅದಕ್ಕೇ.

ಟೈರ್ ಪ್ರಯೋಗ: 320ಡಿಯ ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್) ತೆಗೆದು ಸಾದಾ ಟೈರ್ ಹಾಕಿದೆ. ಒಂದಕ್ಕೆ 17 ಸಾವಿರ ಇದ್ದದ್ದು 11ಕ್ಕೆ ಇಳಿಯಿತು, 25 ಸಾವಿರ ಕಿ.ಮೀ. ಬಾಳುತ್ತಿದ್ದದ್ದು 35ಕ್ಕೆ ಏರಿತು, ಸೊಂಟಕ್ಕೂ ಆರಾಮ. ಡಿಕ್ಕಿಯಲ್ಲಿ ಸ್ಟೆಪ್ನಿಗೆ ಜಾಗವಿಲ್ಲ, ಸಣ್ಣ ಸ್ಟೆಪ್ನಿಯನ್ನು ಡಿಕ್ಕಿಯ ನೆಲದ ಮೇಲೇ ಕಟ್ಟಿಕೊಂಡು ಓಡಾಡಬೇಕು. ಬ್ಯಾಟರಿ ಪ್ರಯೋಗ ನೆಲಕಚ್ಚಿತು: ಕಂಪನಿ ಹಾಕಿದ್ದ ಎಜಿಎಂ ಬಗೆಯ ಬ್ಯಾಟರಿ ಬದಲು ಸಾದಾ ಬ್ಯಾಟರಿ, ಹೊಸದೆಂದು ಗಾಡಿಯ ಕಂಪ್ಯೂಟರಿನಲ್ಲಿ ರಿಜಿಸ್ಟರ್ ಮಾಡಿಸಲಿಲ್ಲ, 14 ತಿಂಗಳಿಗೆ ಸತ್ತಿತು.

ಈಗ ಗ್ರಿಲ್ ಹಿಂದೆ ಸ್ಟೀಲ್ ಸೊಳ್ಳೆ ಜಾಲರಿ ಕಟ್ಟಿದ್ದೇನೆ. ಹುಳ, ಹುಲ್ಲು ನಿಂತಿವೆ, ಆದರೆ ಟ್ರಾಫಿಕ್‌ನಲ್ಲಿ ಫ್ಯಾನ್ ಮೊದಲಿಗಿಂತ ಹೆಚ್ಚು ಹೊತ್ತು ತಿರುಗುತ್ತಿದೆ. ಮಳೆ ಬಿದ್ದ ಮೇಲೆ ಬಿಚ್ಚಿ, ಸಂದಿಯ ಧೂಳು ಎಷ್ಟಿದೆ ನೋಡಬೇಕು.